ಕಾಲೇಜು ಪ್ರವೇಶದಲ್ಲಿ ವಿಶೇಷ ಪರಿಗಣನೆ: ಕೊಲ್ಲಿಯ ಕನ್ನಡ ಕುಟುಂಬಗಳಿಗೊಂದು ಕೈಪಿಡಿ

ಬಹರೈನಿನ ವಾಯವ್ಯ ಕರಾವಳಿಯ ಬುದಯ್ಯದಲ್ಲಿ ನಾನು ವೈದ್ಯನಾಗಿದ್ದೇನೆ. ಪರೀಕ್ಷೆಯ ಫಲಿತಾಂಶಗಳು ಹೊರಬೀಳುವ ತಿಂಗಳುಗಳಲ್ಲಿ ನನ್ನ ಬಳಿಗೆ ಬರುವ ಕನ್ನಡಿಗರ ಪೈಕಿ ಕೆಲವರು ಔಷಧಕ್ಕಾಗಿ ಬರುವುದಿಲ್ಲ, ಪ್ರಮಾಣಪತ್ರಕ್ಕಾಗಿ ಬರುತ್ತಾರೆ. ಕೆಲವು ವರ್ಷಗಳ ಹಿಂದೆ ಕುಂದಾಪುರದ ಕಡೆಯ ಬಡಗಿಯೊಬ್ಬರು ಹಾಗೆ ಬಂದಿದ್ದರು. ಅವರ ಮಗಳು ಐದನೆಯ ತರಗತಿಯವರೆಗೆ ಊರಿನ ಸರಕಾರಿ ಕನ್ನಡ ಶಾಲೆಯಲ್ಲಿ ಓದಿದ್ದಳು. ಅನಂತರದ ಮೂರು ವರ್ಷ ತಂದೆತಾಯಿಯರ ಜೊತೆ ಇಲ್ಲಿದ್ದಳು. ತಂದೆಯ ಕೆಲಸ ಬದಲಾಗಿ ಸಂಬಳ ಇಳಿದಾಗ ತಾಯಿಯೊಡನೆ ಊರಿಗೆ ಮರಳಿ, ಅಜ್ಜಿಯ ಮನೆಯಿಂದ ಹತ್ತನೆಯ ತರಗತಿಯನ್ನೂ ಪಿಯುಸಿಯನ್ನೂ ಮುಗಿಸಿದಳು. ಇಂಜಿನಿಯರಿಂಗ್ ಪ್ರವೇಶಕ್ಕೆ ಗ್ರಾಮೀಣ ಮೀಸಲಾತಿ ಕೇಳಹೋದಾಗ ಆ ಮೂರು ವರ್ಷಗಳ ಕಾರಣದಿಂದ ಅದು ಸಿಗುವುದಿಲ್ಲವೆಂದು ತಿಳಿಯಿತು.

"ಡಾಕ್ಟ್ರೇ, ಮಗಳಿಗೆ ಹುಷಾರಿಲ್ಲದೆ ಇಲ್ಲಿಗೆ ಕರೆಸಿಕೊಂಡದ್ದು ಅಂತ ಬರೆದುಕೊಟ್ಟರೆ ಆದೀತಾ?" ಎಂದು ಕೇಳಿದರು. ನಾನು ಬರೆದುಕೊಡಲಿಲ್ಲ. ಅದು ಸುಳ್ಳಾಗುತ್ತಿತ್ತು, ನಿಜವಾಗಿದ್ದರೂ ಆ ನಿಯಮದಲ್ಲಿ ಕಾಯಿಲೆಗೆ ರಿಯಾಯಿತಿ ಇಲ್ಲವೆಂಬುದು ನನಗೆ ಆಮೇಲೆ ತಿಳಿಯಿತು. ಆದರೆ ಅವರ ಮಗಳಿಗೆ ನ್ಯಾಯವಾಗಿ ಸಲ್ಲಬಹುದಾಗಿದ್ದ ಬೇರೊಂದು ದಾರಿ ತೆರೆದೇ ಇತ್ತು. ಅದನ್ನು ಅಂದು ಅವರೂ ಅರಿಯರು, ನಾನೂ ಅರಿಯೆ. ಆ ಕೊರತೆಯನ್ನು ನೀಗಿಕೊಳ್ಳಲು ಕಲೆಹಾಕಿದ ಸಂಗತಿಗಳನ್ನು ಈ ಲೇಖನದಲ್ಲಿ ಕ್ರಮವಾಗಿ ಕೊಟ್ಟಿದ್ದೇನೆ.

ಪರಿಕಲ್ಪನೆ

ಒಬ್ಬ ವಿದ್ಯಾರ್ಥಿ ಗಳಿಸಿದ ಅಂಕಗಳನ್ನು ಅವನು ಓದಿದ ಪರಿಸ್ಥಿತಿಯೊಡನೆ ಇಟ್ಟು ನೋಡಬೇಕೆಂಬ ಬೇಡಿಕೆಯೇ ವಿಶೇಷ ಪರಿಗಣನೆ. ಬಡತನ, ಹಳ್ಳಿಯ ಶಾಲೆ, ಅಂಗವೈಕಲ್ಯ, ದೀರ್ಘಕಾಲದ ಕಾಯಿಲೆ, ಕುಟುಂಬದಲ್ಲಿನ ಸಾವು, ಸಾಮಾಜಿಕ ತಾರತಮ್ಯ ಮುಂತಾದವು ಅದರ ಆಧಾರಗಳು. ಇದನ್ನು ಜಾರಿಗೆ ತರುವ ಕ್ರಮಗಳು ಎರಡು. ಭಾರತದಲ್ಲಿ ಪ್ರಧಾನವಾಗಿರುವುದು ನಿಯಮದ ಕ್ರಮ: ಹಿನ್ನಡೆ ಯಾವುದೆಂದು ಸರಕಾರವೇ ಮೊದಲು ಗೊತ್ತುಮಾಡುತ್ತದೆ, ಅಭ್ಯರ್ಥಿ ಆ ವರ್ಗಕ್ಕೆ ಸೇರುವುದನ್ನು ಪ್ರಮಾಣಪತ್ರದಿಂದ ತೋರಿಸಬೇಕು. ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಗಳಲ್ಲಿ ವಿವೇಚನೆಯ ಕ್ರಮಕ್ಕೆ ಹೆಚ್ಚು ಅವಕಾಶವಿದೆ: ಅಭ್ಯರ್ಥಿ ತನ್ನ ಸ್ಥಿತಿಯನ್ನು ನಿರೂಪಿಸುತ್ತಾನೆ, ಶಾಲೆ ಅಥವಾ ವೈದ್ಯರು ಅದನ್ನು ದೃಢೀಕರಿಸುತ್ತಾರೆ, ವಿಶ್ವವಿದ್ಯಾಲಯ ತೂಗಿ ನೋಡುತ್ತದೆ. ನಿಯಮದ ಬಾಗಿಲಲ್ಲಿ ನಿಂತು ಕಷ್ಟದ ಕಥೆ ಹೇಳುವುದು ನಮ್ಮ ಕುಟುಂಬಗಳು ಸಾಮಾನ್ಯವಾಗಿ ಮಾಡುವ ತಪ್ಪು.

ಕರ್ನಾಟಕದ ಹಿನ್ನೆಲೆ

ಈ ವಿಚಾರದಲ್ಲಿ ನಮ್ಮ ನಾಡಿನ ಅನುಭವ ಹಳೆಯದು. ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ, ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದ ಸಮಿತಿ ಹಿಂದುಳಿದ ಸಮುದಾಯಗಳ ಪ್ರಾತಿನಿಧ್ಯವನ್ನು ಪರಿಶೀಲಿಸಿತು. 1951ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿಯಿಂದ 15(4)ನೆಯ ವಿಧಿ ಸೇರಿ, ಶಿಕ್ಷಣದಲ್ಲಿ ವಿಶೇಷ ಸೌಲಭ್ಯ ಕಲ್ಪಿಸಲು ರಾಜ್ಯಗಳಿಗೆ ಅಧಿಕಾರ ದೊರೆಯಿತು. ಮೈಸೂರು ಸರಕಾರ ಇಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳ ನೂರಕ್ಕೆ 68 ಸ್ಥಾನಗಳನ್ನು ಮೀಸಲಿಟ್ಟ ಆದೇಶವನ್ನು ಸುಪ್ರೀಂ ಕೋರ್ಟು 1962ರಲ್ಲಿ ಬಾಲಾಜಿ ಪ್ರಕರಣದಲ್ಲಿ ರದ್ದುಪಡಿಸಿ, ಮೀಸಲಾತಿ ಸಾಮಾನ್ಯವಾಗಿ ಶೇಕಡ 50ರೊಳಗೆ ಇರಬೇಕೆಂದಿತು. 1964ರ ಚಿತ್ರಲೇಖಾ ಪ್ರಕರಣದಲ್ಲಿ, ಆರ್ಥಿಕ ಸ್ಥಿತಿ ಮತ್ತು ಕಸುಬುಗಳ ಆಧಾರದ ಮೇಲೆ ಹಿಂದುಳಿದಿರುವಿಕೆಯನ್ನು ನಿರ್ಧರಿಸಿದ ಮೈಸೂರಿನ ಇನ್ನೊಂದು ಆದೇಶವನ್ನು ಅದೇ ನ್ಯಾಯಾಲಯ ಎತ್ತಿಹಿಡಿಯಿತು. ಇಡೀ ದೇಶ ಇಂದು ಚರ್ಚಿಸುವ ಎರಡು ಪ್ರಶ್ನೆಗಳು, ಎಂದರೆ ಮಿತಿ ಎಷ್ಟು, ಅಳತೆಗೋಲು ಯಾವುದು ಎಂಬವು, ಹೀಗೆ ನಮ್ಮ ಕಾಲೇಜುಗಳ ಪ್ರವೇಶದಿಂದಲೇ ಹುಟ್ಟಿದವು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆಯ ಘಟಕ ಸ್ಥಾಪನೆಯಾಯಿತು. ಅದೇ ಇಂದಿನ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಅಂದಿನಿಂದ ವೃತ್ತಿಶಿಕ್ಷಣದ ಸರಕಾರಿ ಸೀಟುಗಳ ಹಂಚಿಕೆಯಲ್ಲಿ ಅಧಿಕಾರಿಯ ಮರ್ಜಿಗೆ ಎಡೆಯಿಲ್ಲದಾಯಿತು. ರ‍್ಯಾಂಕು ಮತ್ತು ದಾಖಲೆ, ಇವೆರಡೇ ಮಾತನಾಡುತ್ತವೆ.

ಸಿಇಟಿಯಲ್ಲಿ ಸಿಗುವ ಪರಿಗಣನೆಗಳು

ಮೊದಲನೆಯದು ಅರ್ಹತೆ. ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದ ಮಾನ್ಯ ಸಂಸ್ಥೆಗಳಲ್ಲಿ ಓದಿ, ಹತ್ತನೆಯ ಅಥವಾ ಹನ್ನೆರಡನೆಯ ತರಗತಿಯನ್ನು ರಾಜ್ಯದಲ್ಲಿಯೇ ಮುಗಿಸಿದವರು ಸರಕಾರಿ ಸೀಟಿಗೆ ಅರ್ಹರು. ಅಷ್ಟು ವರ್ಷ ಅಲ್ಲಿ ಓದಿರದಿದ್ದರೆ ಇನ್ನೊಂದು ಷರತ್ತು ನೆರವಾಗಬಹುದು: ತಂದೆ ಅಥವಾ ತಾಯಿ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು, ಮಗು ಪಿಯುಸಿಯ ಎರಡೂ ವರ್ಷಗಳನ್ನು ಕರ್ನಾಟಕದಲ್ಲಿ ಓದಿ ಉತ್ತೀರ್ಣವಾಗಿರಬೇಕು. ಕೊಲ್ಲಿಯ ಅನೇಕ ಕುಟುಂಬಗಳು ಹತ್ತನೆಯ ತರಗತಿಯ ನಂತರ ಮಕ್ಕಳನ್ನು ಮಂಗಳೂರಿಗೋ ಬೆಂಗಳೂರಿಗೋ ಕಳುಹಿಸಲು ಈ ಷರತ್ತೂ ಒಂದು ಕಾರಣ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಮತ್ತು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳ ಗಡಿನಾಡ ಕನ್ನಡಿಗರಿಗೆ ಬೇರೆಯೇ ಷರತ್ತುಗಳಿವೆ; ಅವರು ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಎರಡನೆಯದು ಗ್ರಾಮೀಣ ಮೀಸಲಾತಿ, ಶೇಕಡ 15. ಮೂರನೆಯದು ಕನ್ನಡ ಮಾಧ್ಯಮ ಮೀಸಲಾತಿ, ಶೇಕಡ 5. ಇವೆರಡಕ್ಕೂ ಒಂದರಿಂದ ಹತ್ತನೆಯವರೆಗಿನ ಹತ್ತೂ ತರಗತಿಗಳನ್ನು ಕ್ರಮವಾಗಿ ಗ್ರಾಮೀಣ ಪ್ರದೇಶದಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಹತ್ತರಲ್ಲಿ ಒಂದು ವರ್ಷ ತಪ್ಪಿದರೂ ಹಕ್ಕು ಹೋಗುತ್ತದೆ. ಬಡಗಿಯ ಮಗಳು ಕಳೆದುಕೊಂಡದ್ದು ಇವೆರಡನ್ನು. ಮಕ್ಕಳನ್ನು ನಡುವೆ ಎರಡು ಮೂರು ವರ್ಷ ಇಲ್ಲಿಗೆ ಕರೆಸಿಕೊಳ್ಳಬಾರದೆಂದು ನಾನು ಹೇಳಲಾರೆ. ತಂದೆಯ ಮುಖ ನೋಡದೆ ಬೆಳೆದ ಮಕ್ಕಳ ನೋವನ್ನು ವೈದ್ಯನಾಗಿ ಬಲ್ಲೆ. ಆದರೆ ಆ ನಿರ್ಧಾರದ ಬೆಲೆಯನ್ನು ಮೊದಲೇ ತಿಳಿದು ನಿರ್ಧರಿಸುವುದು ಲೇಸು.

ನಾಲ್ಕನೆಯದು ಸಂವಿಧಾನದ 371(ಜೆ) ವಿಧಿ. 2013ರಿಂದ ಜಾರಿಯಲ್ಲಿರುವ ಇದರಂತೆ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಗಳ ಸ್ಥಳೀಯರಿಗೆ ಆ ಭಾಗದ ಸಂಸ್ಥೆಗಳಲ್ಲಿ ಶೇಕಡ 70, ರಾಜ್ಯದ ಉಳಿದೆಡೆ ಶೇಕಡ 8 ಸ್ಥಾನಗಳು ಮೀಸಲು.

ಐದನೆಯದು ಹೆಚ್ಚುವರಿ ಸೀಟುಗಳ ಕೋಟಾ; ಸಿಇಟಿಯ ಭಾಷೆಯಲ್ಲಿ ಎಸ್‌ಎನ್‌ಕ್ಯೂ. ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಮಂಜೂರಾದ ಸ್ಥಾನಗಳ ಮೇಲೆ ಶೇಕಡ 5ರಷ್ಟು ಸೀಟುಗಳನ್ನು, ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬಗಳ ಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿಯೊಡನೆ ಕೊಡಲಾಗುತ್ತದೆ. ಹಳ್ಳಿ, ಪಟ್ಟಣ, ಮಾಧ್ಯಮಗಳ ಪ್ರಶ್ನೆ ಇಲ್ಲಿ ಏಳುವುದಿಲ್ಲ. 8 ಲಕ್ಷವೆಂದರೆ ಈಗಿನ ವಿನಿಮಯ ದರದಲ್ಲಿ ತಿಂಗಳಿಗೆ 300 ದಿನಾರಿಗಿಂತ ತುಸು ಕಡಿಮೆ. ಇಲ್ಲಿನ ಎಷ್ಟೋ ಕಾರ್ಮಿಕರ ಸಂಬಳ ಅದರೊಳಗೇ ಇದೆ. ಬಡಗಿಯ ಮಗಳು ಕರ್ನಾಟಕದಲ್ಲಿ ಒಟ್ಟು ಒಂಬತ್ತು ವರ್ಷ ಓದಿದ್ದರಿಂದ ಅರ್ಹತೆಗೆ ಕೊರತೆ ಇರಲಿಲ್ಲ. ತಂದೆಯ ಆದಾಯವೂ ಮಿತಿಯೊಳಗಿತ್ತು. ತೆರೆದಿದ್ದ ದಾರಿ ಇದೇ. ಅರ್ಜಿಯಲ್ಲಿ ಅದನ್ನು ಕೋರಿ, ತಹಶೀಲ್ದಾರರ ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಬರೆಯಬೇಕಿತ್ತು, ಅಷ್ಟೆ. ಇಲ್ಲಿನ ಸಂಬಳಕ್ಕೆ ತೆರಿಗೆ ಇಲ್ಲವೆಂದು ಅದನ್ನು ಆದಾಯದಿಂದ ಬಿಟ್ಟುಬಿಡುವವರುಂಟು. ಅದು ಸುಳ್ಳು ಘೋಷಣೆಯಾಗುತ್ತದೆ, ಪತ್ತೆಯಾದರೆ ಸೀಟೇ ಹೋದೀತು.

ಆರನೆಯದು ಅಂಗವೈಕಲ್ಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ, ಶೇಕಡ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವವರಿಗೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇಕಡ 5 ಸ್ಥಾನಗಳನ್ನು ಕೊಡಬೇಕೆನ್ನುತ್ತದೆ. ಓದುಬರಹದ ನಿರ್ದಿಷ್ಟ ಕಲಿಕಾ ತೊಂದರೆಗಳೂ ಆ ಕಾಯಿದೆಯ ಪಟ್ಟಿಯಲ್ಲಿವೆ. ಇಲ್ಲಿನ ಆಸ್ಪತ್ರೆಯ ವರದಿ ಪೂರಕ ದಾಖಲೆ ಮಾತ್ರ. ಸಿಇಟಿಯ ಮೀಸಲಾತಿಗೆ ಪ್ರಾಧಿಕಾರ ಏರ್ಪಡಿಸುವ ವೈದ್ಯರ ತಂಡವೇ ಅಭ್ಯರ್ಥಿಯನ್ನು ಪರೀಕ್ಷಿಸುತ್ತದೆ. 2024ರ ಅಕ್ಟೋಬರಿನಲ್ಲಿ ಓಂಕಾರ್ ಗೋಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ವೈಕಲ್ಯದ ಶೇಕಡಾ ಪ್ರಮಾಣವೊಂದನ್ನೇ ನೋಡಿ ವಿದ್ಯಾರ್ಥಿಯನ್ನು ವೈದ್ಯಕೀಯ ಶಿಕ್ಷಣದಿಂದ ಹೊರಗಿಡಬಾರದು, ಅವನು ಆ ವ್ಯಾಸಂಗ ಮಾಡಬಲ್ಲನೇ ಎಂಬುದನ್ನು ಮಂಡಳಿ ಪರಿಶೀಲಿಸಬೇಕು ಎಂದು ತೀರ್ಪಿತ್ತಿತು. ಬಹುಕಾಲ ಅಂಕಿಯನ್ನಷ್ಟೇ ಬರೆದುಕೊಡುತ್ತಿದ್ದ ನಮ್ಮ ವೃತ್ತಿಗೆ ಇದು ಪಾಠ.

ವಿದೇಶದಲ್ಲಿರುವವರಿಗಾಗಿಯೇ ಇರುವ ದಾರಿಗಳು

ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಗಳಲ್ಲಿ (ಸುರತ್ಕಲ್ಲಿನ ಎನ್‌ಐಟಿಕೆ ಅವುಗಳಲ್ಲೊಂದು) ವಿದೇಶದಲ್ಲಿ ಓದಿದವರ ನೇರ ಪ್ರವೇಶಕ್ಕೆ 'ದಾಸಾ' ಎಂಬ ಯೋಜನೆಯಿದೆ. ಆ ಸ್ಥಾನಗಳಲ್ಲಿ ಮೂರನೆಯ ಒಂದು ಭಾಗ ಕೊಲ್ಲಿ ರಾಷ್ಟ್ರಗಳ ಭಾರತೀಯ ಉದ್ಯೋಗಿಗಳ ಮಕ್ಕಳಿಗೆ ಮೀಸಲು. ಬಹರೈನ್ ಆ ರಾಷ್ಟ್ರಗಳ ಪಟ್ಟಿಯಲ್ಲಿದೆ. ಉಳಿದ ದಾಸಾ ವಿದ್ಯಾರ್ಥಿಗಳು ಡಾಲರ್ ಲೆಕ್ಕದಲ್ಲಿ ಹೆಚ್ಚಿನ ಶುಲ್ಕ ತೆರಬೇಕಾದರೆ, ಇವರಿಗೆ ಭಾರತದ ವಿದ್ಯಾರ್ಥಿಗಳಷ್ಟೇ ಬೋಧನಾ ಶುಲ್ಕ. ಆಯ್ಕೆ ಜೆಇಇ ಮೇನ್ ರ‍್ಯಾಂಕಿನ ಮೇಲೆ ನಡೆಯುತ್ತದೆ. ಆದರೆ ಹನ್ನೊಂದು ಮತ್ತು ಹನ್ನೆರಡನೆಯ ತರಗತಿಗಳನ್ನು ವಿದೇಶದಲ್ಲಿಯೇ ಓದಿರಬೇಕು.

ಇಲ್ಲಿರುವ ತೊಡಕನ್ನು ಗಮನಿಸಿ. ಪಿಯುಸಿಗೆ ಊರಿಗೆ ಕಳುಹಿಸಿದರೆ ಸಿಇಟಿಯ ಬಾಗಿಲು ತೆರೆಯಬಹುದು, ದಾಸಾದ ಬಾಗಿಲು ಮುಚ್ಚುತ್ತದೆ. ಇಲ್ಲಿಯೇ ಇರಿಸಿಕೊಂಡರೆ ದಾಸಾ ಉಳಿಯುತ್ತದೆ. ಮೊದಲಿನ 7 ವರ್ಷ ಕರ್ನಾಟಕದಲ್ಲಿ ಓದಿ, ಹತ್ತನೆಯದನ್ನೂ ಅಲ್ಲಿಯೇ ಮುಗಿಸಿರದ ಮಗುವಿಗೆ ಸಿಇಟಿಯ ಸಾಮಾನ್ಯ ದಾರಿ ಇಲ್ಲವಾಗುತ್ತದೆ. ಹತ್ತನೆಯ ತರಗತಿಯ ವರ್ಷವೇ ಈ ಆಯ್ಕೆಯನ್ನು ಮಾಡಬೇಕಾದ ಕಾಲ. ಹನ್ನೆರಡರ ಫಲಿತಾಂಶ ಬಂದ ಮೇಲೆ ನನ್ನಂಥವರು ಬರೆಯುವ ಯಾವ ಪತ್ರವೂ ಅದನ್ನು ಬದಲಿಸದು.

ಅನಿವಾಸಿ ಭಾರತೀಯ ಕೋಟಾ ಬೇರೆ ಬಗೆಯದು. 2005ರ ಇನಾಂದಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಖಾಸಗಿ ಕಾಲೇಜುಗಳಲ್ಲಿ ಅದಕ್ಕೆ ಶೇಕಡ 15ರ ಮಿತಿ ಹಾಕಿತು. ಹೆಚ್ಚಿನ ಶುಲ್ಕ ಕೊಡಬಲ್ಲವರ ದಾರಿ ಅದು. ಹಿನ್ನಡೆಯ ಪರಿಗಣನೆಯೆಂದು ಅದನ್ನು ಎಣಿಸಲಾಗದು. ದೂರದ ನೆಂಟರ ಹೆಸರಿನಲ್ಲಿ ಆ ಕೋಟಾ ಕೇಳಲು ಅವಕಾಶ ಕೊಟ್ಟ ಪಂಜಾಬಿನ ಕ್ರಮವನ್ನು 2024ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯ ವಂಚನೆಯೆಂದು ಕರೆಯಿತು. ಕಾರ್ಮಿಕರ ಮಕ್ಕಳು ನೋಡಬೇಕಾದದ್ದು ಭಾರತದ ವಿದೇಶಾಂಗ ಸಚಿವಾಲಯದ ಅನಿವಾಸಿ ಮಕ್ಕಳ ವಿದ್ಯಾರ್ಥಿವೇತನವನ್ನು. 2006–07ರಲ್ಲಿ ಆರಂಭವಾದ ಈ ಯೋಜನೆಯಲ್ಲಿ, ವಲಸೆ ತಪಾಸಣೆ ಕಡ್ಡಾಯವಾಗಿರುವ ದೇಶಗಳ ಭಾರತೀಯ ಕಾರ್ಮಿಕರ ಮಕ್ಕಳಿಗೆ ಪ್ರತ್ಯೇಕ ಪಾಲಿದೆ. ಬಹರೈನ್ ಅಂಥ ದೇಶಗಳಲ್ಲೊಂದು.

ವಿವೇಚನೆಯ ಕ್ರಮದಲ್ಲಿ ಅರ್ಜಿ ಬರೆಯುವ ಬಗೆ

ಪಶ್ಚಿಮದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಮಕ್ಕಳೂ ಇಲ್ಲಿ ಹಲವರಿದ್ದಾರೆ. ಬ್ರಿಟನ್ನಿನ ಯುಕಾಸ್ ಅರ್ಜಿಯಲ್ಲಿ ಶಾಲೆ ಬರೆಯುವ ಶಿಫಾರಸಿನಲ್ಲಿ, ವಿದ್ಯಾರ್ಥಿಯ ಓದಿಗೆ ಅಡ್ಡಿಯಾದ ಸಂದರ್ಭಗಳನ್ನು ತಿಳಿಸಲು ಪ್ರತ್ಯೇಕ ಭಾಗವಿದೆ. ಅಮೆರಿಕದ ಕಾಮನ್ ಆ್ಯಪ್‌ನಲ್ಲಿ ಹೆಚ್ಚಿನ ಮಾಹಿತಿಗೆಂದು ಸ್ಥಳವಿದೆ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಹಿನ್ನಡೆಗೊಳಗಾದವರ ಪ್ರವೇಶಕ್ಕೆಂದೇ ಯೋಜನೆಯಿದೆ. ಆದರೆ ವಾಸಸ್ಥಳದ ಬಡತನವನ್ನು ಆಧರಿಸಿದ ಸೌಲಭ್ಯಗಳು ಸಾಮಾನ್ಯವಾಗಿ ಆಯಾ ದೇಶದ ನಿವಾಸಿಗಳಿಗೆ ಮೀಸಲು. ಬುದಯ್ಯದಿಂದ ಅರ್ಜಿ ಹಾಕುವ ಮಗು ಅವಲಂಬಿಸಬಹುದಾದದ್ದು ತನ್ನ ಸ್ವಂತ ಸಂದರ್ಭದ ನಿರೂಪಣೆಯನ್ನು.

ಆ ನಿರೂಪಣೆ ರೋಗಿಯ ಚರಿತ್ರೆಯನ್ನು ಬರೆದಂತೆ ಇರಬೇಕು: ಏನಾಯಿತು, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ, ಎಷ್ಟು ದಿನ ಶಾಲೆ ತಪ್ಪಿತು, ಯಾವ ವಿಷಯದ ಅಂಕ ಎಷ್ಟರಿಂದ ಎಷ್ಟಕ್ಕೆ ಇಳಿಯಿತು, ಈಗ ಸ್ಥಿತಿ ಹೇಗಿದೆ. "ನಮ್ಮ ಕುಟುಂಬ ಬಹಳ ಕಷ್ಟದಲ್ಲಿತ್ತು" ಎಂದರೆ ಓದುವವರಿಗೆ ಏನೂ ತಿಳಿಯದು. "ಜನವರಿಯಲ್ಲಿ ತಂದೆಯ ಕೆಲಸ ಹೋಯಿತು, ಮಾರ್ಚಿನವರೆಗೆ ಶುಲ್ಕ ಬಾಕಿಯಿದ್ದುದರಿಂದ ಆರು ವಾರ ತರಗತಿಗೆ ಹೋಗಲಾಗಲಿಲ್ಲ" ಎಂದರೆ ತಿಳಿಯುತ್ತದೆ. ಪ್ರತಿಯೊಂದು ಮಾತಿಗೂ ಆ ಕಾಲದಲ್ಲೇ ಹುಟ್ಟಿದ ಕಾಗದವೊಂದು ಜೊತೆಗಿರಲಿ: ಶಾಲೆಯ ಹಾಜರಿ, ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶ, ಕೆಲಸದಿಂದ ತೆಗೆದ ಪತ್ರ. ವೈದ್ಯ ತಾನು ಕಂಡದ್ದನ್ನು, ಕಂಡ ದಿನಾಂಕದೊಡನೆ ಬರೆಯಬಲ್ಲ. ಅದಕ್ಕೇ ಮಗು ಖಿನ್ನತೆಯಿಂದಲೋ ಅಪಸ್ಮಾರದಿಂದಲೋ ಬಳಲುತ್ತಿದ್ದರೆ ಆಗಲೇ ತೋರಿಸಿ, ದಾಖಲೆ ಇಟ್ಟುಕೊಳ್ಳಿ. ಅವಮಾನವೆಂದು ಎರಡು ವರ್ಷ ಮುಚ್ಚಿಟ್ಟ ಕಾಯಿಲೆಗೆ ಪ್ರವೇಶದ ವಾರದಲ್ಲಿ ಸಾಕ್ಷಿ ಹುಟ್ಟಿಸಲಾಗದು. ಆ ಎರಡು ವರ್ಷ ಮಗುವಿಗೆ ಚಿಕಿತ್ಸೆಯೂ ಸಿಕ್ಕಿರುವುದಿಲ್ಲ.

ಕಡೆಯ ಮಾತು

ಮೀಸಲು ಸ್ಥಾನಗಳಿಗೆ ಎಣಿಕೆಯಿದೆ. ಸುಳ್ಳು ಪತ್ರದಿಂದ ಒಬ್ಬರು ಪಡೆದ ಸೀಟು, ಹತ್ತು ವರ್ಷ ಹಳ್ಳಿಯ ಶಾಲೆಗೆ ನಡೆದುಹೋದ ಇನ್ನೊಂದು ಮಗುವಿನ ಕೈತಪ್ಪುತ್ತದೆ. ನಮ್ಮ ಬಡಗಿ ಸಜ್ಜನರು. ದಾರಿ ಕಾಣದೆ ಹಾಗೆ ಕೇಳಿದರು. ಮಗಳು ಸಾಮಾನ್ಯ ಸೀಟಿನಲ್ಲಿಯೇ ಓದಿದಳು. ನಾಲ್ಕು ವರ್ಷದ ಶುಲ್ಕಕ್ಕೆ ಅವರು ಇನ್ನಷ್ಟು ಕಾಲ ಊರಿಗೆ ಹೋಗದೆ ಇಲ್ಲಿಯೇ ದುಡಿದರು. ಅವರಿಗೆ ನಾನು ಅಂದು ಹೇಳಬೇಕಿದ್ದುದು ಮೂರು ಮಾತು: ಪ್ರಾಧಿಕಾರ ಪ್ರತಿವರ್ಷ ಪ್ರಕಟಿಸುವ ಮಾಹಿತಿ ಪುಸ್ತಕವನ್ನು ಅರ್ಜಿಗೆ ಮೊದಲು ಪೂರ್ತಿ ಓದಿಸಿಕೊಳ್ಳಿ, ಆದಾಯ ಮತ್ತು ವ್ಯಾಸಂಗದ ಪ್ರಮಾಣಪತ್ರಗಳನ್ನು ರಜೆಯಲ್ಲಿ ಊರಿಗೆ ಹೋದಾಗಲೇ ಮಾಡಿಸಿಡಿ, ಸಿಗದ ಒಂದು ಮೀಸಲಾತಿಯ ಹಿಂದೆ ಬಿದ್ದು, ಸಲ್ಲುವ ಇನ್ನೊಂದನ್ನು ಬಿಡಬೇಡಿ. ಮನೆಯಲ್ಲಿ ಎಂಟನೆಯದೋ ಒಂಬತ್ತನೆಯದೋ ಓದುವ ಮಕ್ಕಳಿರುವ ಓದುಗರಿಗೆ ಇನ್ನೂ ಕಾಲಾವಕಾಶವಿದೆ.