ಸಂಧಿಕಾಲದ ಪರಿಷ್ಕಾರ: ಕಂಪೈಲರ್ ಮತ್ತು ಲಿಂಕರ್‌ಗಳ ಒಡಂಬಡಿಕೆಯ ಚರಿತ್ರೆ

ದೊಡ್ಡ ತಂತ್ರಾಂಶವನ್ನು ಯಾರೂ ಒಂದೇ ಕಡತದಲ್ಲಿ ಬರೆಯುವುದಿಲ್ಲ. ನೂರಾರು, ಕೆಲವೊಮ್ಮೆ ಸಾವಿರಾರು ಕಡತಗಳಲ್ಲಿ ಹಂಚಿಹೋಗಿರುವ ಪ್ರೋಗ್ರಾಮನ್ನು ಕಂಪೈಲರ್ ಒಂದೊಂದು ಕಡತವಾಗಿ ಎತ್ತಿಕೊಂಡು ಯಂತ್ರಭಾಷೆಗೆ ತಿರುಗಿಸಿ ಆಬ್ಜೆಕ್ಟ್ ಕಡತಗಳೆಂಬ ತುಂಡುಗಳನ್ನಾಗಿ ಇಡುತ್ತದೆ, ಆಮೇಲೆ ಲಿಂಕರ್ ಎಂಬ ಇನ್ನೊಂದು ಸಾಧನ ಆ ತುಂಡುಗಳನ್ನು ಒಂದಕ್ಕೊಂದು ಬೆಸೆದು ಓಡಬಲ್ಲ ಪ್ರೋಗ್ರಾಮನ್ನು ಕಟ್ಟುತ್ತದೆ. ಈ ಎರಡು ಕಸುಬುಗಳ ನಡುವಿನ ಗಡಿ ಎಷ್ಟು ಹಳೆಯದೆಂದರೆ, ಅದು ಗಣಕದ ಸ್ವಭಾವದಲ್ಲೇ ಇದೆಯೆಂದು ಬಹಳ ಕಾಲ ಎಣಿಸಲಾಗಿತ್ತು. ಅದು ಮೆಮೊರಿ ಕಿರಿದಾಗಿದ್ದ, ಯಂತ್ರದ ಹೊತ್ತು ದುಬಾರಿಯಾಗಿದ್ದ ಕಾಲದ ಏರ್ಪಾಡು ಮಾತ್ರ. ಲಿಂಕ್ ಟೈಮ್ ಆಪ್ಟಿಮೈಸೇಶನ್, ಚುಟುಕಾಗಿ ಎಲ್‌ಟಿಒ, ಎಂಬ ವಿಧಾನದ ಚರಿತ್ರೆ ಆ ಗಡಿಯಲ್ಲಿ ಕಳೆದುಹೋಗುತ್ತಿದ್ದ ತಿಳಿವಳಿಕೆಯನ್ನು ಮರಳಿ ಗಳಿಸಿದ ಚರಿತ್ರೆ.

ಮೊದಲಿಗೆ ಆ ಗಡಿಯೇ ಇರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ 1949ರಲ್ಲಿ ಕೆಲಸ ಆರಂಭಿಸಿದ ಎಡ್ಸ್ಯಾಕ್ ಗಣಕಕ್ಕೆ ಡೇವಿಡ್ ವೀಲರ್ ರಚಿಸಿದ ಆರಂಭಿಕ ಸೂಚನೆಗಳು, ಕಾಗದದ ಪಟ್ಟಿಯಲ್ಲಿ ರಂಧ್ರಗಳಾಗಿ ಬರೆದಿಟ್ಟ ಸಬ್‌ರೂಟೀನ್‌ಗಳನ್ನು, ಅಂದರೆ ಬೇರೆ ಬೇರೆ ಲೆಕ್ಕಗಳಿಗೆ ಮತ್ತೆ ಮತ್ತೆ ಒದಗುವ ಸಿದ್ಧ ತುಣುಕುಗಳನ್ನು, ಓದುತ್ತಲೇ ಅವುಗಳ ಒಳಗಿನ ವಿಳಾಸಗಳನ್ನು ತಿದ್ದಿಕೊಳ್ಳುತ್ತಿದ್ದವು. ಗ್ರೇಸ್ ಹಾಪರ್ 1951–52ರ ಹೊತ್ತಿಗೆ ಯುನಿವ್ಯಾಕ್ ಗಣಕಕ್ಕಾಗಿ ರೂಪಿಸಿದ ಎ-0 ವ್ಯವಸ್ಥೆ, ಸಂಕೇತಗಳಿಂದ ಗುರುತಿಸಿದ ಸಬ್‌ರೂಟೀನ್‌ಗಳನ್ನು ಮ್ಯಾಗ್ನೆಟಿಕ್ ಟೇಪಿನಿಂದ ಹೆಕ್ಕಿ ಒಂದು ಪ್ರೋಗ್ರಾಮಾಗಿ ಸಂಕಲಿಸುತ್ತಿತ್ತು. ಕಂಪೈಲರ್ ಎಂಬ ಹೆಸರು ಹುಟ್ಟಿದ್ದು ಈ ಸಂಕಲನದ ಕೆಲಸದಿಂದಲೇ. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ ಹಾಪರ್ ಅವರ ಕಂಪೈಲರ್ ಮಾಡುತ್ತಿದ್ದುದು ಬಹುಪಾಲು ಲಿಂಕರ್‌ನ ಕೆಲಸ, ಮತ್ತು ಈ ಒಂದು ಸಂಗತಿ ಮುಂದಿನ ಇಡೀ ಕಥೆಗೆ ಬೆಳಕು ಬೀರುತ್ತದೆ.

ಅಗಲಿಕೆ ಬಂದದ್ದು ಫೋರ್ಟ್ರಾನ್‌ನೊಂದಿಗೆ. ಐಬಿಎಂ 704 ಗಣಕಕ್ಕಾಗಿ 1957ರಲ್ಲಿ ಹೊರಬಂದ ಮೊದಲ ಫೋರ್ಟ್ರಾನ್ ಪ್ರೋಗ್ರಾಮನ್ನು ಇಡಿಯಾಗಿ ಅನುವಾದಿಸುತ್ತಿತ್ತು, ಹೀಗಾಗಿ ಒಂದು ಸಾಲು ತಿದ್ದಿದರೂ ಎಲ್ಲವನ್ನೂ ಮೊದಲಿನಿಂದ ನಡೆಸಬೇಕಿತ್ತು. 1958ರ ಫೋರ್ಟ್ರಾನ್ 2 ಸಬ್‌ರೂಟೀನ್‌ಗಳನ್ನು ಬಿಡಿಬಿಡಿಯಾಗಿ ಕಂಪೈಲ್ ಮಾಡಿಟ್ಟುಕೊಂಡು ಕೊನೆಗೆ ಕೂಡಿಸುವ ದಾರಿ ತೆರೆಯಿತು. ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದಲ್ಲಿ ಬೆಳೆದ ಯುನಿಕ್ಸ್ ಈ ಪದ್ಧತಿಯನ್ನು ರೂಢಿಯಾಗಿಸಿತು: ಪ್ರೋಗ್ರಾಮೊಂದಕ್ಕೆ 64 ಕಿಲೋಬೈಟ್ ವಿಳಾಸವಷ್ಟೇ ಸಿಗುತ್ತಿದ್ದ ಪಿಡಿಪಿ-11 ಯಂತ್ರದ ಮೇಲೆ ಸಿ ಕಂಪೈಲರ್ ಒಂದು ಕಡತ ಓದಿ, ಅನುವಾದಿಸಿ, ಅದನ್ನು ಮರೆತು ಮುಂದಿನದಕ್ಕೆ ಹೋಗುತ್ತಿತ್ತು, ಎಆರ್ ಎಂಬ ಸಾಧನ ಆಬ್ಜೆಕ್ಟ್ ಕಡತಗಳನ್ನು ಲೈಬ್ರರಿಯಾಗಿ ಕಟ್ಟಿಡುತ್ತಿತ್ತು, ಎಲ್‌ಡಿ ಎಂಬ ಲಿಂಕರ್ ಹೆಸರಿಗೆ ಹೆಸರು ಹೊಂದಿಸಿ ವಿಳಾಸ ತುಂಬುತ್ತಿತ್ತು. ಅಂದಿನ ಇಕ್ಕಟ್ಟಿನಲ್ಲಿ ಇದಕ್ಕಿಂತ ಜಾಣ ವ್ಯವಸ್ಥೆ ಸಾಧ್ಯವಿರಲಿಲ್ಲವೆಂದೇ ಹೇಳಬೇಕು.

ಆದರೆ ಅದಕ್ಕೆ ತೆತ್ತ ಬೆಲೆಯೂ ಇತ್ತು, ಅದನ್ನು ಕನ್ನಡ ವ್ಯಾಕರಣದ ಸಂಧಿಯ ಮೂಲಕ ವಿವರಿಸಬಹುದು. 'ಊರು' ಮತ್ತು 'ಅಲ್ಲಿ' ಕೂಡಿದಾಗ ಸ್ವರವೊಂದು ಲೋಪವಾಗಿ 'ಊರಲ್ಲಿ' ಆಗುತ್ತದೆ, 'ಮಳೆ' ಮತ್ತು 'ಕಾಲ' ಕೂಡಿದಾಗ ಕಕಾರಕ್ಕೆ ಗಕಾರ ಆದೇಶವಾಗಿ 'ಮಳೆಗಾಲ' ಆಗುತ್ತದೆ. ಎರಡೂ ಪದಗಳ ಅಂಚಿನ ಧ್ವನಿ ತಿಳಿದಿರುವುದರಿಂದಲೇ ಈ ಮಾರ್ಪಾಟು ಸಾಧ್ಯ. ಹಳೆಯ ಲಿಂಕರ್‌ಗೆ ತುಂಡುಗಳ ಹೆಸರಷ್ಟೇ ಗೊತ್ತಿತ್ತು, ಅರ್ಥ ಗೊತ್ತಿರಲಿಲ್ಲ. ಅರ್ಥ ಗೊತ್ತಿದ್ದ ಕಂಪೈಲರ್‌ಗೆ ಪಕ್ಕದ ಕಡತದಲ್ಲಿ ಏನಿದೆಯೆಂದು ತಿಳಿಯುತ್ತಿರಲಿಲ್ಲ. ಹೀಗಾಗಿ ಒಂದು ಕಡತದ ಎರಡೇ ಸಾಲಿನ ಫಂಕ್ಷನ್ ಅನ್ನು ಇನ್ನೊಂದು ಕಡತ ಲಕ್ಷ ಬಾರಿ ಕರೆದರೂ ಕರೆಯ ಜಾಗದಲ್ಲಿ ಆ ಫಂಕ್ಷನ್‌ನ ಒಡಲನ್ನೇ ಆದೇಶವಾಗಿ ಇಡಲು, ಅಂದರೆ ಇನ್‌ಲೈನಿಂಗ್ ಮಾಡಲು, ಆಗುತ್ತಿರಲಿಲ್ಲ. ಯಾರೂ ಕರೆಯದ ಫಂಕ್ಷನ್ ಹೊರಗಿನವರಿಗೆ ಬೇಕಾದೀತೆಂಬ ಶಂಕೆಯಿಂದಲೇ ಲೋಪವಾಗದೆ ಉಳಿಯುತ್ತಿತ್ತು.

ಈ ನಷ್ಟವನ್ನು ಮೊದಲು ಗಂಭೀರವಾಗಿ ಎಣಿಸಿದ್ದು ಕಂಪನಿಗಳ ಸಂಶೋಧನಾಲಯಗಳು. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಪಶ್ಚಿಮ ಸಂಶೋಧನಾಲಯದ ಡೇವಿಡ್ ವಾಲ್ 1986ರಲ್ಲಿ, ಪ್ರೊಸೆಸರ್‌ನ ಒಳಗಿನ ಅತಿವೇಗದ ಸಂಗ್ರಹಗಳಾದ ರಿಜಿಸ್ಟರ್‌ಗಳನ್ನು ಇಡೀ ಪ್ರೋಗ್ರಾಮಿನ ಅಗತ್ಯ ನೋಡಿ ಲಿಂಕ್ ಮಾಡುವ ಹೊತ್ತಿನಲ್ಲೇ ಹಂಚಬಹುದೆಂದು ತೋರಿಸಿದರು. ಕೆಲವು ವರ್ಷಗಳ ಬಳಿಕ ಅಮಿತಾಭ್ ಶ್ರೀವಾಸ್ತವ ಅವರೊಡನೆ ರೂಪಿಸಿದ ಓಎಂ ವ್ಯವಸ್ಥೆಯಲ್ಲಿ ಆಬ್ಜೆಕ್ಟ್ ಸಂಕೇತವನ್ನೇ ಬಿಡಿಸಿ ಓದಿ, ಪರಿಷ್ಕರಿಸಿ, ಮತ್ತೆ ಬರೆಯಲಾಯಿತು. ಇಂಥ ಪ್ರಯತ್ನಗಳಲ್ಲಿ ಕಂಪೈಲರ್, ಲಿಂಕರ್, ಯಂತ್ರ ಮೂರೂ ಒಂದೇ ಮನೆಯವು, ಆದ್ದರಿಂದ ಅವುಗಳ ನಡುವಿನ ಮಾತುಕತೆ ಮನೆಯೊಳಗಿನ ವ್ಯವಹಾರವಾಗಿತ್ತು. ಕಂಪೈಲರ್ ಒಬ್ಬರದು, ಲಿಂಕರ್ ಇನ್ನೊಬ್ಬರದು ಆಗಿದ್ದ ಸ್ವತಂತ್ರ ತಂತ್ರಾಂಶದ ಲೋಕದಲ್ಲಿ ಸಮಸ್ಯೆಯ ರೂಪವೇ ಬೇರೆ.

ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಬಿಡುಗಡೆ ಮಾಡಿದ ಜಿಸಿಸಿ ಕಂಪೈಲರ್ ಬಹುಕಾಲ ಒಂದು ಫಂಕ್ಷನ್ ಮುಗಿಸಿ ಇನ್ನೊಂದಕ್ಕೆ ಹೋಗುವ ಕ್ರಮದಲ್ಲೇ ಇತ್ತು; ಒಂದು ಕಡತವನ್ನಾದರೂ ಇಡಿಯಾಗಿ ನೋಡಿ ಪರಿಷ್ಕರಿಸುವ ಕ್ರಮ ಯಾನ್ ಹುಬಿಚ್ಕಾ ಅವರ ದುಡಿಮೆಯಿಂದ 2004ರ 3.4 ಆವೃತ್ತಿಯಲ್ಲಿ ನೆಲೆಗೊಂಡಿತು. ಕಡತಗಳ ಗಡಿ ದಾಟಬೇಕಾದರೆ ಮಧ್ಯಂತರ ರೂಪವನ್ನು, ಅಂದರೆ ಆಕರ ಭಾಷೆಗೂ ಯಂತ್ರಭಾಷೆಗೂ ನಡುವೆ ಕಂಪೈಲರ್ ತನಗಾಗಿ ಕಟ್ಟಿಕೊಳ್ಳುವ ರೂಪವನ್ನು, ಡಿಸ್ಕಿಗೆ ಬರೆದಿಡಬೇಕಾಗುತ್ತದೆ. ಹಾಗೆ ಬರೆದಿಟ್ಟರೆ ಮುಕ್ತವಲ್ಲದ ಸಾಧನಗಳು ಅದನ್ನು ಎತ್ತಿಕೊಂಡು ಪರವಾನಗಿಯಿಂದ ನುಣುಚಿಕೊಳ್ಳಬಹುದೆಂಬ ಆತಂಕ ಜಿಸಿಸಿಯ ಹೊಣೆ ಹೊತ್ತ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ಗೆ ಇತ್ತು; 2009ರ ಜನವರಿಯಲ್ಲಿ ಜಿಸಿಸಿಯ ರನ್‌ಟೈಮ್ ಲೈಬ್ರರಿಗಳ ಪರವಾನಗಿಯ ವಿನಾಯಿತಿಯನ್ನು ಹೊಸದಾಗಿ ಬರೆದು ಆ ಆತಂಕಕ್ಕೆ ಕಾನೂನಿನ ಬೇಲಿ ಹಾಕಲಾಯಿತು. ಅಷ್ಟರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕ್ರಿಸ್ ಲ್ಯಾಟ್ನರ್ ಮತ್ತು ವಿಕ್ರಮ್ ಆಡ್ವೆ 2000ದಲ್ಲಿ ಆರಂಭಿಸಿ 2003ರಲ್ಲಿ ಬಿಡುಗಡೆ ಮಾಡಿದ ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟು, ಮಧ್ಯಂತರ ರೂಪವನ್ನು ಕಡತವಾಗಿ ಉಳಿಸಿ ಮುಂದೆ ಬೇಕಾದಾಗ ಕೂಡಿಸಿ ಪರಿಷ್ಕರಿಸುವುದನ್ನೇ ತನ್ನ ಮೂಲ ವಿನ್ಯಾಸವನ್ನಾಗಿ ಮಾಡಿಕೊಂಡಿತ್ತು. ಜಿಸಿಸಿಯಲ್ಲಿ 2005ರಲ್ಲಿ ರೂಪುರೇಷೆ ಪಡೆದ ಎಲ್‌ಟಿಒ, 2010ರ ಏಪ್ರಿಲ್‌ನಲ್ಲಿ ಬಂದ 4.5 ಆವೃತ್ತಿಯಲ್ಲಿ ಬಳಕೆಗೆ ದೊರೆಯಿತು.

ಮಧ್ಯಂತರ ರೂಪವನ್ನು ಉಳಿಸಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ. ಯಾವ ಹೆಸರಿಗೆ ಯಾವ ವ್ಯಾಖ್ಯೆ ನಿಲ್ಲುತ್ತದೆ, ಲೈಬ್ರರಿಯ ಯಾವ ತುಂಡು ನಿಜಕ್ಕೂ ಬೇಕು, ಯಾವ ಫಂಕ್ಷನ್ ಅನ್ನು ಹೊರಗಿನವರು ಕರೆಯಬಲ್ಲರು ಎಂಬ ಪ್ರಶ್ನೆಗಳಿಗೆ ಉತ್ತರ ಇರುವುದು ಲಿಂಕರ್ ಬಳಿ. ಆ ಉತ್ತರವನ್ನು ಕಂಪೈಲರ್‌ಗೆ ಮುಟ್ಟಿಸುವ ದಾರಿಯೇ ಲಿಂಕರ್ ಪ್ಲಗಿನ್. ಗೂಗಲ್‌ನಲ್ಲಿದ್ದ ಇಯಾನ್ ಲ್ಯಾನ್ಸ್ ಟೇಲರ್ ಬರೆದು 2008ರಲ್ಲಿ ಎಲ್‌ಡಿ, ಎಆರ್ ಮುಂತಾದ ಸಾಧನಗಳ ಗ್ನೂ ಬೈನ್‌ಯುಟಿಲ್ಸ್ ಸಂಗ್ರಹಕ್ಕೆ ಸೇರಿಸಿದ ಗೋಲ್ಡ್ ಎಂಬ ಲಿಂಕರ್‌ಗೆ ಕ್ಯಾರಿ ಕೌಟಂಟ್ ರೂಪಿಸಿದ ಈ ಒಡಂಬಡಿಕೆ ಚಿಕ್ಕದು, ಆದರೆ ಅದರಲ್ಲಿ ಎರಡೂ ಪಕ್ಷಗಳ ಹಕ್ಕುಬಾಧ್ಯತೆಗಳು ಸ್ಪಷ್ಟವಾಗಿವೆ. ಲಿಂಕರ್ ತನ್ನ ಮುಂದೆ ಬಂದ ಪ್ರತಿಯೊಂದು ಕಡತವನ್ನೂ ಪ್ಲಗಿನ್‌ಗೆ ತೋರಿಸಿ ಇದು ನಿನ್ನದೇ ಎಂದು ಕೇಳುತ್ತದೆ. ಒಳಗೆ ಮಧ್ಯಂತರ ರೂಪವಿದ್ದರೆ ಪ್ಲಗಿನ್ ಅದನ್ನು ತನ್ನದೆಂದು ಒಪ್ಪಿಕೊಂಡು, ಅದರಲ್ಲಿರುವ ಹೆಸರುಗಳ ಪಟ್ಟಿಯನ್ನು ಒಪ್ಪಿಸುತ್ತದೆ. ಲಿಂಕರ್ ಆ ಹೆಸರುಗಳನ್ನು ಸಾಮಾನ್ಯ ಆಬ್ಜೆಕ್ಟ್ ಕಡತಗಳ ಹೆಸರುಗಳ ಜೊತೆಗೇ ಹೊಂದಿಸಿ, ಎಲ್ಲವನ್ನೂ ಓದಿ ಮುಗಿಸಿದ ಮೇಲೆ ತನ್ನ ತೀರ್ಮಾನ ತಿಳಿಸುತ್ತದೆ: ಈ ವ್ಯಾಖ್ಯೆ ನಿಂತಿತು, ಆ ವ್ಯಾಖ್ಯೆ ಬಿದ್ದುಹೋಯಿತು, ಇನ್ನೊಂದನ್ನು ಮಧ್ಯಂತರ ರೂಪದ ಕಡತಗಳಲ್ಲದೆ ಬೇರೆ ಯಾರೂ ಬಳಸುತ್ತಿಲ್ಲ. ಕೊನೆಯ ಈ ಮಾತೇ ಎಲ್ಲಕ್ಕಿಂತ ಬೆಲೆಯುಳ್ಳದ್ದು, ಏಕೆಂದರೆ ಹೊರಗಿನವರಾರೂ ಮುಟ್ಟದ ಫಂಕ್ಷನ್ ಅನ್ನು ಕಂಪೈಲರ್ ಅಳಿಸಬಹುದು, ಕರಗಿಸಬಹುದು, ಅದಕ್ಕೆ ಮೌಲ್ಯ ರವಾನಿಸುವ ಕ್ರಮವನ್ನೇ ಬದಲಿಸಬಹುದು. ಪ್ಲಗಿನ್ ಆಗ ಕಂಪೈಲರನ್ನು ಎರಡನೆಯ ಬಾರಿ ಓಡಿಸಿ, ಹುಟ್ಟಿದ ನಿಜವಾದ ಆಬ್ಜೆಕ್ಟ್ ಕಡತಗಳನ್ನು ಲಿಂಕರ್‌ಗೆ ಮರಳಿಸುತ್ತದೆ, ಲಿಂಕರ್ ತನ್ನ ಎಂದಿನ ಬೆಸುಗೆ ಮುಗಿಸುತ್ತದೆ.

ಈ ಒಡಂಬಡಿಕೆ ಒಂದು ಲಿಂಕರ್‌ಗೆ ಸೀಮಿತವಾಗಿ ಉಳಿಯಲಿಲ್ಲ. ಗ್ನೂ ಎಲ್‌ಡಿ 2.21ನೆಯ ಆವೃತ್ತಿಯಿಂದ ಇದನ್ನು ಒಪ್ಪಿಕೊಂಡಿತು. ಎಲ್‌ಎಲ್‌ವಿಎಂ ಕೂಡ ಇದೇ ಕರಾರಿಗೆ ಹೊಂದುವ ತನ್ನದೊಂದು ಪ್ಲಗಿನ್ ಬರೆದು ಗೋಲ್ಡ್‌ನ ಹೆಸರನ್ನೇ ಅದಕ್ಕಿಟ್ಟಿತು.

ಇಡೀ ಪ್ರೋಗ್ರಾಮನ್ನು ಒಮ್ಮೆಗೇ ಮೆಮೊರಿಗೆ ತರುವ ಭಾರ ಮಾತ್ರ 1950ರ ದಶಕದ ತೊಂದರೆಯನ್ನೇ ಹೊಸ ಅಳತೆಯಲ್ಲಿ ಮರಳಿಸಿತು. ಗೂಗಲ್‌ನ ತಂಡ 2007ರಲ್ಲಿ ಮುಂದಿಟ್ಟ, 4.6 ಆವೃತ್ತಿಯಿಂದ ಜಿಸಿಸಿಯ ಸಹಜ ಕ್ರಮವಾದ ವೊಪರ್ ವಿನ್ಯಾಸ, ಸಾರಾಂಶಗಳನ್ನಷ್ಟೇ ನೋಡಿ ಒಂದೆಡೆ ತೀರ್ಮಾನ ಮಾಡಿ, ಅದನ್ನು ಜಾರಿಗೊಳಿಸುವ ಕೆಲಸವನ್ನು ಏಕಕಾಲಕ್ಕೆ ಓಡುವ ಹಲವು ಪ್ರಕ್ರಿಯೆಗಳಿಗೆ ಹಂಚಿತು. ಎಲ್‌ಎಲ್‌ವಿಎಂನಲ್ಲಿ ಟೆರೆಸಾ ಜಾನ್ಸನ್ ಮತ್ತು ಸಹೋದ್ಯೋಗಿಗಳ ಥಿನ್ ಎಲ್‌ಟಿಒ ಒಂದೆಡೆ ತೀರ್ಮಾನ ಮಾಡುವ ಆ ನಡುವಿನ ಹಂತವನ್ನು ಇನ್ನೂ ಹಗುರಗೊಳಿಸಿತು.

ಇದನ್ನು ಅಳವಡಿಸುವ ವಿಧಾನ ಕೇಳಲು ಸರಳವಾಗಿದ್ದರೂ ಹಳೆಯ ಗಡಿಯ ಕುರುಹುಗಳು ಅಲ್ಲಲ್ಲಿ ಎಡವಿಸುತ್ತವೆ. ಎಫ್‌ಎಲ್‌ಟಿಒ ಎಂಬ ಆಯ್ಕೆಯನ್ನು ಕಂಪೈಲ್ ಮಾಡುವಾಗಲೂ ಲಿಂಕ್ ಮಾಡುವಾಗಲೂ ಕೊಡಬೇಕು. ಲಿಂಕರನ್ನು ನೇರವಾಗಿ ಕರೆಯದೆ ಕಂಪೈಲರ್ ಮೂಲಕವೇ ಕರೆದರೆ ಪ್ಲಗಿನ್ ತಾನಾಗಿ ಜೊತೆಗೂಡುತ್ತದೆ. ಆದರೆ 1970ರ ದಶಕದಿಂದ ಬಂದ ಎಆರ್ ಸಾಧನಕ್ಕೆ ಮಧ್ಯಂತರ ರೂಪವನ್ನು ಓದಲು ತಾನಾಗಿ ಬರುವುದಿಲ್ಲ. ಯಂತ್ರಸಂಕೇತವನ್ನೂ ಜೊತೆಗಿಟ್ಟುಕೊಂಡ ದಪ್ಪ ಆಬ್ಜೆಕ್ಟ್ ಕಡತಗಳ ಕಾಲದಲ್ಲಿ ಈ ಕೊರತೆ ಮರೆಯಾಗಿತ್ತು. 2014ರ ಜಿಸಿಸಿ 4.9, ಪ್ಲಗಿನ್ ಇದ್ದಲ್ಲಿ ಮಧ್ಯಂತರ ರೂಪವಷ್ಟೇ ಇರುವ ತೆಳು ಕಡತಗಳನ್ನು ಸಹಜ ಕ್ರಮವಾಗಿಸಿದ ಮೇಲೆ, ಎಆರ್ ಕಟ್ಟಿದ ಲೈಬ್ರರಿಯ ಸೂಚಿಯಲ್ಲಿ ಹೆಸರುಗಳೇ ಇಲ್ಲದೆ, ಕಣ್ಣೆದುರಿನ ಫಂಕ್ಷನ್ ಸಿಗಲಿಲ್ಲವೆಂದು ಲಿಂಕರ್ ದೂರುವಂತಾಯಿತು. ಇದಕ್ಕೆ ಪರಿಹಾರ ಎರಡು: ಪ್ಲಗಿನ್ ಸಮೇತ ಎಆರ್ ಅನ್ನು ಓಡಿಸುವ ಜಿಸಿಸಿ-ಎಆರ್ ಎಂಬ ಹೊದಿಕೆಯನ್ನು ಬಳಸುವುದು, ಇಲ್ಲವೇ ಬೈನ್‌ಯುಟಿಲ್ಸ್ ತಾನೇ ಹುಡುಕಿ ನೋಡುವ ಬಿಎಫ್‌ಡಿ-ಪ್ಲಗಿನ್ಸ್ ಕೋಶದಲ್ಲಿ ಪ್ಲಗಿನ್ ಅನ್ನು ಇಡುವುದು.

ಇಡೀ ಪ್ರೋಗ್ರಾಮನ್ನು ಒಂದೇ ನೋಟದಲ್ಲಿ ಓದುವುದರಿಂದ ವೇಗದಷ್ಟೇ ಮುಖ್ಯವಾದ ಇನ್ನೊಂದು ಲಾಭವಾಯಿತು. ಒಂದೇ ಹೆಸರಿನ ರಚನೆಯನ್ನು ಎರಡು ಕಡತಗಳು ಎರಡು ಬಗೆಯಲ್ಲಿ ವ್ಯಾಖ್ಯಾನಿಸಿರುವಂಥ, ದಶಕಗಳಿಂದ ಅಡಗಿ ಕೂತ ತಪ್ಪುಗಳು ಮೊದಲ ಬಾರಿಗೆ ಎಚ್ಚರಿಕೆಯಾಗಿ ತೆರೆಯ ಮೇಲೆ ಕಾಣಿಸಿಕೊಂಡವು. ಲಿನಕ್ಸ್ ವಿತರಣೆಗಳಾದ ಒಪನ್‌ಸೂಸೆ ಟಂಬಲ್‌ವೀಡ್ 2019ರಲ್ಲಿ, ಫೆಡೋರಾ 33 ಅದರ ಮರುವರ್ಷ ಎಲ್‌ಟಿಒವನ್ನು ಸಹಜ ಕ್ರಮವಾಗಿಸಿದಾಗ ಪ್ಯಾಕೇಜು ನೋಡಿಕೊಳ್ಳುವವರು ಸಾವಿರಾರು ತಂತ್ರಾಂಶಗಳಿಗೆ ಈ ಪರೀಕ್ಷೆ ಒಡ್ಡಿದರು. ಲಿನಕ್ಸ್ ಕರ್ನಲ್ 2021ರ 5.12 ಆವೃತ್ತಿಯಲ್ಲಿ ಎಲ್‌ಎಲ್‌ವಿಎಂ ಮೇಲೆ ಕಟ್ಟಿದ ಕ್ಲ್ಯಾಂಗ್ ಕಂಪೈಲರ್‌ನ ಎಲ್‌ಟಿಒಗೆ ಬಾಗಿಲು ತೆರೆಯಿತು. ಗೋಲ್ಡ್ ಮಾತ್ರ ನೋಡಿಕೊಳ್ಳುವವರಿಲ್ಲದೆ ಸೊರಗಿ, 2025ರ ಫೆಬ್ರವರಿಯಲ್ಲಿ ಬೈನ್‌ಯುಟಿಲ್ಸ್‌ನ ಮುಖ್ಯ ಬಿಡುಗಡೆಯಿಂದ ಹೊರಗುಳಿಯಿತು. ಆದರೂ ಅದಕ್ಕಾಗಿ ಬರೆದ ಪ್ಲಗಿನ್ ಕರಾರಿನ ಹೆಡರ್ ಕಡತ ಜಿಸಿಸಿ ಮತ್ತು ಬೈನ್‌ಯುಟಿಲ್ಸ್ ಎರಡರ ಆಕರ ಸಂಗ್ರಹದಲ್ಲೂ ಉಳಿದಿದೆ, ಮತ್ತು ರುಯಿ ಉಯೆಯಾಮಾ ಬರೆದ ಮೋಲ್ಡ್ ಎಂಬ ಹೊಸ ಲಿಂಕರ್ ಜಿಸಿಸಿಯೊಡನೆ ಮಾತನಾಡುವುದು ಆ ಕರಾರಿನ ಮೂಲಕವೇ.