ಪುರುಸೊತ್ತು ಯಾರಪ್ಪನ ಸ್ವತ್ತು?

ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ. ವಿಷಯಾನೂ ಪುರುಸೊತ್ತಿನದ್ದೇ.

ಹೋದ ತಿಂಗಳು ನಮ್ಮದೊಂದು ಸಭೆ. ಮುಖ್ಯ ಭಾಷಣಕಾರರು ಒಂದೂವರೆ ತಾಸು ತಡ (ಇದೇನು ಹೊಸದಲ್ಲ ಬಿಡಿ). ನಾನು ಬ್ಯಾಗಿಂದ ಕ್ರೋಶ ಕಡ್ಡಿ, ನೀಲಿ ಉಣ್ಣೆ ಉಂಡೆ ತೆಗೆದು ಮಫ್ಲರ್ ಹೆಣೀತಾ ಕೂತೆ. ಹಿರಿಯ ಸಂಗಾತಿಯೊಬ್ಬರು ನಗ್ತಾನೇ ಅಂದ್ರು, "ಏನ್ ಮೇಡಂ, ಇದು ಉಂಡು ಮಲಗೋ ಮನೆ ಹೆಂಗಸರ ಹವ್ಯಾಸ ಅಲ್ವಾ? ನಮಗ್ಯಾಕೆ?" ನಾನೂ ನಕ್ಕೆ. ಆದ್ರೆ ಆ ಮಾತು ಕಿವೀಲೇ ಉಳೀತು. ಬೆಳಗ್ಗೆ ಹತ್ತರಿಂದ ಸಂಜೆವರೆಗೂ ನನ್ನ ಕೈ ಫೈಲು, ಟಪಾಲು, ಸಾಹೇಬರ ಟಿಪ್ಪಣಿಗೆ ಮೀಸಲು. ಮನೇಲಿ ಒಲೆಗೆ. ಬಸ್ಸಲ್ಲಿ ಸಿಗೋ ಮುಕ್ಕಾಲು ಗಂಟೆ ಮಾತ್ರ ಈ ಕೈ ಯಾರ ಮಾತೂ ಕೇಳಲ್ಲ. ಕುಣಿಕೆಯೊಳಗೆ ಕುಣಿಕೆ ಎಳೀತಾ ಹೋದ್ರೆ ಸಾಲು ಬೆಳೆಯುತ್ತೆ, ತಪ್ಪಿದ್ರೆ ಬಿಚ್ಚಬಹುದು. ತಪ್ಪಿದ್ದನ್ನ ಯಾರ ಸಹಿಯೂ ಇಲ್ಲದೆ ಬಿಚ್ಚೋಕೆ ಸಾಧ್ಯವಿರೋ ಕೆಲಸ ನನ್ನ ಬದುಕಲ್ಲಿ ಇದೊಂದೇ.

ಇದು "ಅವರ" ಹವ್ಯಾಸ ಹೇಗಾಯ್ತು ಅಂತ ಹುಡುಕ್ತಾ ಹೋದೆ. ಸಿಕ್ಕಿದ್ದನ್ನ ಬರೀತಿದ್ದೀನಿ.

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯ ಮೈಸೂರು ಸೀಮೆ ಸುತ್ತಿದ. ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟವಾಗಿ ಅಚ್ಚಾಯ್ತು. ಬೆಂಗಳೂರಿನ ಭಾಗದಲ್ಲಿ ನೂಲಿನ ಬಗ್ಗೆ ಬರೀತಾನೆ. ವಾರದ ಸಂತೆಗೆ ಬಡ ಹೆಂಗಸರು ಬಂದು ಅಷ್ಟಷ್ಟೇ ಹತ್ತಿ ಕೊಳ್ತಾರೆ, ಮನೇಲಿ ನೂಲ್ತಾರೆ, ಸಂತೇಲೇ ಆ ನೂಲನ್ನ ನೇಕಾರರಿಗೆ ಮಾರ್ತಾರೆ. ಎಲ್ಲಾ ಜಾತಿ ಹೆಂಗಸರೂ ನೂಲ್ತಾರೆ, ಬ್ರಾಹ್ಮಣರನ್ನ ಬಿಟ್ಟು. ಅವರ ಹೆಂಗಸರು ನೂಲಲ್ಲ, ಗಂಡಸರು ನೇಗಿಲು ಹಿಡಿಯಲ್ಲ ಅಂತ ಅವನೇ ಸೇರಿಸ್ತಾನೆ. ನೇಯೋರ ಪಟ್ಟಿಯಲ್ಲಿ ದೇವಾಂಗರು, ಪಟವೇಗಾರರು ಇದ್ದಾರೆ. ಅವರ ಜೊತೆಗೆ ಹೊಲೆಯರೂ ಇದ್ದಾರೆ! ದಪ್ಪನೆಯ, ಬಿಳಿ, ಗಟ್ಟಿ ಬಟ್ಟೆ ನೇಯೋರು.

ಈ ಸಾಲು ಓದಿದಾಗ ಮೈ ಜುಮ್ಮಂತು. ತಮಟೆ, ತೊಗಲು, ತೋಟಿ ಕೆಲಸ, ಜೀತ, ಇಷ್ಟರೊಳಗೇ ನಮ್ಮ ಚರಿತ್ರೆ ಅಂತ ನಾವೂ ನಂಬಿಬಿಟ್ಟಿದ್ದೀವಿ. ನಮ್ಮ ಕೇರೀಲಿ ಮಗ್ಗ ಇತ್ತು ಅಂತ ನನಗೆ ಯಾವ ಪಾಠದಲ್ಲೂ ಹೇಳಿಕೊಡಲಿಲ್ಲ.

ಇನ್ನೂ ಹಿಂದೆ ಹೋದ್ರೆ 12ನೇ ಶತಮಾನದ ಕದಿರ ರೆಮ್ಮವ್ವೆ ಸಿಗ್ತಾಳೆ. ಕದಿರು ಅಂದ್ರೆ ನೂಲು ಸುತ್ತೋ ಕಡ್ಡಿ, ನೂಲೋದೇ ಅವಳ ಕಾಯಕ. ತಾನು ತಿರುಗಿಸೋ ರಾಟೆಯ ಕುಲ ಯಾವುದು ಅಂತಾನೇ ಒಂದು ವಚನ ಮಾಡಿದ್ದಾಳೆ. ನಿನ್ನ ಜಾತಿ ಯಾವುದು ಅಂತ ಕೇಳೋ ಲೋಕಕ್ಕೆ ನನ್ನ ರಾಟೆ ಜಾತಿ ಕೇಳ್ರಪ್ಪಾ ಅಂದವಳು. ಅವಳದು ಹವ್ಯಾಸ ಅಲ್ಲ, ಹೊಟ್ಟೆಪಾಡು. ಆದ್ರೆ ನೂಲ್ತಾ ನೂಲ್ತಾ ಯೋಚನೆ ಮಾಡಿದ್ದಾಳೆ ನೋಡಿ, ಅದು ಹೊಟ್ಟೆಪಾಡಿಗೆ ಸೇರಿದ್ದಲ್ಲ.

ಆಮೇಲೆ ಲ್ಯಾಂಕಷೈರ್ ಗಿರಣಿ ನೂಲು ಬಂತು, ಎಲ್ಲರಿಗೂ ಗೊತ್ತಿರೋ ಕಥೆ. ಒಂದು ಮಾತು ಮಾತ್ರ: ಮೊದಲು ಬಿದ್ದವಳು ನೂಲೋ ಹೆಂಗಸು. ನೇಕಾರ ಗಿರಣಿ ನೂಲು ಕೊಂಡಾದ್ರೂ ಮಗ್ಗ ನಡೆಸಿದ. ಅವಳ ಸಂತೆ ಕಾಸು ಸದ್ದಿಲ್ಲದೆ ಹೋಯ್ತು. ರಾಟೆ ಎಷ್ಟು ಮಾಯ ಆಗಿತ್ತಂದ್ರೆ, 1915ರಲ್ಲಿ ಆಫ್ರಿಕಾದಿಂದ ವಾಪಸ್ ಬಂದಾಗಲೂ ತಾನು ರಾಟೆಯನ್ನ ಕಣ್ಣಾರೆ ಕಂಡಿರಲಿಲ್ಲ ಅಂತ ಗಾಂಧೀಜಿಯೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ.

ಈಗ ನಮ್ಮ ಬೆಳಗಾವಿಗೆ ಬನ್ನಿ. 1924ರ ಡಿಸೆಂಬರ್. ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ ಅದು, ಫೋಟೋ ಹಾಕಿ ಹೆಮ್ಮೆ ಪಡ್ತೀವಿ. ಅಲ್ಲಿ ಪಾಸಾದ ನಿಯಮ ಎಷ್ಟು ಜನಕ್ಕೆ ಗೊತ್ತು? ಕಾಂಗ್ರೆಸ್ ಸದಸ್ಯ ಆಗಬೇಕಂದ್ರೆ ನಾಲ್ಕಾಣೆ ಚಂದಾ ಸಾಲದು, ತಿಂಗಳಿಗೆ 2000 ಗಜ ಕೈನೂಲು ಕೊಡಬೇಕು. ಚೆನ್ನಾಗಿದೆ ಅನ್ಸುತ್ತೆ, ಅಲ್ವಾ? ವಕೀಲರೂ ಜಮೀನ್ದಾರರೂ ಕೂತು ನೂಲಲಿ. ಆದ್ರೆ ಅದೇ ನಿಯಮದೊಳಗೆ ಒಂದು ಕಿಂಡಿ ಬಿಟ್ಟಿದ್ರು. ಕಾಯಿಲೆ ಇದ್ರೆ ಅಥವಾ ನೂಲೋಕೆ ಇಷ್ಟ ಇಲ್ಲದಿದ್ರೆ, ಬೇರೆಯವರು ನೂತ ಅಷ್ಟೇ ನೂಲು ಕೊಟ್ರೂ ನಡೆಯುತ್ತೆ! ಅಂದ್ರೆ ನೂಲೋಳು ಯಾವಳೋ, ಸದಸ್ಯ ಆಗೋನು ಇನ್ಯಾವನೋ. ನಾನು ಗುಮಾಸ್ತೆ, ಸುತ್ತೋಲೆ ಓದಿ ಓದಿ ಕಣ್ಣು ಹಳಸಿದೆ. ಯಾವ ಆದೇಶ ಕೈಗೆತ್ತಿಕೊಂಡ್ರೂ ಕೊನೆಯ "ಅಥವಾ" ಮೊದಲು ಓದ್ತೀನಿ. ದೊಡ್ಡವರು ಪಾರಾಗೋದು ಅಲ್ಲೇ. ಮುಂದಿನ ವರ್ಷವೇ, 1925ರಲ್ಲಿ, ಆ ನಿಯಮವನ್ನೂ ಸಡಿಲ ಮಾಡಿ ನೂಲು ಇಲ್ಲವೇ ದುಡ್ಡು ಅಂತ ಮಾಡಿದ್ರು.

ಗಾಂಧೀಜಿಗೆ ನೂಲೋದು ಯಜ್ಞ. ಹಳ್ಳಿ ಹೆಂಗಸಿಗೆ ಕೂಲಿ. ಹತ್ತು ವರ್ಷ ಕಳೆದ ಮೇಲೆ, 1935ರಲ್ಲಿ, ನೂಲೋಳಿಗೆ ಸಿಗ್ತಿರೋದು ಏನೇನೂ ಸಾಲದು ಅಂತ ಅವರಿಗೇ ಅನ್ನಿಸಿ, ಎಂಟು ಗಂಟೆಗೆ ಎಂಟಾಣೆಯಾದ್ರೂ ಬೇಕು ಅಂತ ಹಟ ಹಿಡಿದ್ರು. ಚರಕ ಸಂಘದಿಂದ ಅಷ್ಟು ಕೊಡೋಕೆ ಆಗಲಿಲ್ಲ. ಕೂಲಿ ಏರಿಸಿದ್ರೆ ಖಾದಿ ಬೆಲೆ ಏರುತ್ತೆ, ಕೊಳ್ಳೋರು ಸಿಗಲ್ಲ ಅನ್ನೋ ಭಯ.

ಇಲ್ಲಿ ಬಾಬಾಸಾಹೇಬರು ಬರ್ತಾರೆ. 1945ರಲ್ಲಿ ಬಂದ, ಕಾಂಗ್ರೆಸ್ಸೂ ಗಾಂಧೀಜಿಯೂ ಅಸ್ಪೃಶ್ಯರಿಗೆ ಏನು ಮಾಡಿದ್ರು ಅನ್ನೋ ಪುಸ್ತಕದ ಗಾಂಧಿವಾದದ ಅಧ್ಯಾಯ ತೆಗೆದು ನೋಡಿ. ಯಂತ್ರ ಬಿಟ್ಟು ರಾಟೆಗೆ ಹೋಗಿ ಅನ್ನೋದನ್ನ ಅವರು ವಿರೋಧಿಸಿದ್ದು ರಾಟೆ ಮೇಲಿನ ಸಿಟ್ಟಿಗಲ್ಲ. ಅವರ ವಾದದ ತಿರುಳು ಪುರುಸೊತ್ತು. ಮನುಷ್ಯನನ್ನ ಪ್ರಾಣಿಯಿಂದ ಬೇರೆ ಮಾಡೋದು ಸಂಸ್ಕೃತಿ. ಬಿಡುವಿಲ್ಲದೆ ಸಂಸ್ಕೃತಿ ಇಲ್ಲ. ಹೊಟ್ಟೆಗಾಗಿ ದಿನವಿಡೀ ದುಡಿಯೋನಿಗೆ ಬಿಡುವು ಕೊಡೋದು ಯಂತ್ರ. ಕೆಲವರಿಗೆ ಮಾತ್ರ ಬಿಡುವು, ಉಳಿದೋರಿಗೆ ಬರೀ ದುಡಿಮೆ ಅಂದ್ರೆ ಅದು ಪ್ರಜಾಪ್ರಭುತ್ವ ಆಗಲ್ಲ. ನನಗೆ ಅರ್ಥ ಆದ ಹಾಗೆ ಹೇಳಿದೆ, ತಪ್ಪಿದ್ರೆ ಬಲ್ಲವರು ತಿದ್ದಿ. ನನ್ನ ಸಂಗಾತಿಗೆ ಕೊಡಬೇಕಾಗಿದ್ದ ಉತ್ತರ ಇದೇ ಆಗಿತ್ತು, ಅವತ್ತು ಹೊಳೀಲಿಲ್ಲ.

ಯಂತ್ರ ಬಂದ ಕಡೆ ಜಾತಿ ಓಡಿಹೋಯ್ತು ಅಂತ ತಿಳೀಬೇಡಿ. ಮುಂಬೈ ಬಟ್ಟೆ ಗಿರಣಿಗಳಲ್ಲಿ ನಮ್ಮವರನ್ನ ನೂಲೋ ವಿಭಾಗಕ್ಕೆ ಬಿಡ್ತಿದ್ರು, ಕೂಲಿ ಜಾಸ್ತಿ ಇದ್ದ ನೇಯೋ ವಿಭಾಗಕ್ಕೆ ಬಿಡ್ತಿರಲಿಲ್ಲ. ಕಾರಣ? ಲಾಳಿಯ ತೂತಿಂದ ದಾರವನ್ನ ಬಾಯಲ್ಲಿ ಎಳೀಬೇಕಿತ್ತು. ನಮ್ಮವರ ಎಂಜಲಾದ ಲಾಳಿ ಸವರ್ಣ ಕಾರ್ಮಿಕನಿಗೆ ಮೈಲಿಗೆ. 1928ರ ಮುಷ್ಕರದ ಹೊತ್ತಲ್ಲಿ, ಈ ಅನ್ಯಾಯ ಸರಿ ಮಾಡೋದೂ ಬೇಡಿಕೆ ಪಟ್ಟಿಗೆ ಸೇರಬೇಕು ಅಂತ ಬಾಬಾಸಾಹೇಬರು ಪಟ್ಟು ಹಿಡಿದಿದ್ರು. ಅವನು ನೂತ ನೂಲಿನ ಬಟ್ಟೆ ಮುಟ್ಟಲ್ಲ ಅಂತ ಯಾರೂ ಅಂದಿಲ್ಲ, ಗಮನಿಸಿ. ಬಟ್ಟೆಗೆ ಮೈಲಿಗೆ ಇಲ್ಲ, ಲಾಳಿಗೆ ಇದೆ!

ನಮ್ಮಪ್ಪ ಪ್ರೈಮರಿ ಓದುವಾಗ ಶಾಲೇಲಿ ತಕಲಿ ನೂಲೋ ಪಿರಿಯಡ್ ಇತ್ತಂತೆ. ಅಪ್ಪನ ನೂಲು ತರಗತಿಗೇ ಸಣ್ಣ, ಕಡಿಯದ ನೂಲು. ಉಳಿದ ಹುಡುಗರ ಲಡಿಯನ್ನ ಮೇಷ್ಟ್ರು ಕೈಯಲ್ಲಿ ಹಿಡಿದು ನೋಡ್ತಿದ್ರು, ಅಪ್ಪನದನ್ನ ಕಲ್ಲಿನ ಮೇಲೆ ಇಡು ಅಂತಿದ್ರು. ಅಪ್ಪ ಇದನ್ನ ಹೇಳುವಾಗ ಸಿಟ್ಟು ಮಾಡ್ಕೊಳ್ತಿರಲಿಲ್ಲ. ತಕಲಿ ತಿರುಗಿ ನಿಲ್ಲೋ ಹೊತ್ತಿಗೆ ನೂಲು ಹೇಗೆ ಬೆರಳಲ್ಲಿ ಬಿಗಿಯಾಗ್ತಿತ್ತು ಅಂತ ಹೆಬ್ಬೆರಳು ಉಜ್ಜಿ ತೋರಿಸ್ತಿದ್ರು. ಖುಷೀನೂ ಅವಮಾನಾನೂ ಒಂದೇ ಎಳೆಯಲ್ಲಿ.

"ಹವ್ಯಾಸ" ಅನ್ನೋ ಪದದ ಮೋಸಾನೂ ಹೇಳಬೇಕು, ಇಲ್ಲಾಂದ್ರೆ ಅರ್ಧ ಸತ್ಯ ಹೇಳಿದಂಗೆ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರ. ನಾನು ಹೆಣೆಯೋ ಇದೇ ಕ್ರೋಶದ ಲೇಸಿಗೆ ಹೆಸರಾದ ಊರು. 19ನೇ ಶತಮಾನದಲ್ಲಿ ಮಿಷನರಿಗಳು ಈ ಕೆಲಸ ಮೊದಲು ಕಲಿಸಿದ್ದು ಕ್ರೈಸ್ತರಾಗಿದ್ದ ಮಾಲ, ಮಾದಿಗ ಹೆಂಗಸರಿಗೆ. ಆಮೇಲೆ ಅದು ಕಾಪು ಮುಂತಾದ ಜಾತಿಗಳ, ಹೊಲಕ್ಕೆ ಹೋಗಬಾರದು ಅಂತ ಮನೆಯೊಳಗೆ ಕೂರಿಸಿದ ಹೆಂಗಸರ ಕೈಗೆ ಹೋಯ್ತು. ಮರಿಯಾ ಮೀಸ್ ಅನ್ನೋ ಜರ್ಮನ್ ವಿದ್ವಾಂಸೆ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ತಂದರು. ಆ ಹೆಂಗಸರು ಮನೆಗೆಲಸದ ಜೊತೆಗೆ ದಿನಕ್ಕೆ ಆರೆಂಟು ಗಂಟೆ ಲೇಸು ಹೆಣೀತಿದ್ರು, ಅದು ವಿದೇಶಕ್ಕೆ ಹೋಗ್ತಿತ್ತು, ರಫ್ತುದಾರರು ಶ್ರೀಮಂತರಾದ್ರು. ಇವರಿಗೆ ಪುಡಿಗಾಸು. ಯಾಕಂದ್ರೆ ಇವರು ಕಾರ್ಮಿಕರಲ್ಲವಂತೆ, ಬಿಡುವಿನಲ್ಲಿ ಏನೋ ಮಾಡೋ ಗೃಹಿಣಿಯರಂತೆ! ಹೊಲಕ್ಕೆ ಹೋಗ್ತಿದ್ದ ದಲಿತ ಹೆಂಗಸರಿಗೇ ಇವರಿಗಿಂತ ಜಾಸ್ತಿ ಕೂಲಿ ಇತ್ತು. ಆದ್ರೂ ಇವರು ಅವರನ್ನ ಕೀಳಾಗಿ ನೋಡ್ತಿದ್ರು. ಜಾತಿಯ ಲೆಕ್ಕ ಹೀಗೇ ನೋಡಿ, ಕಾಸಲ್ಲಿ ಕಳ್ಕೊಂಡ್ರೂ ಮೂಗಲ್ಲಿ ಉಳಿಸ್ಕೋಬೇಕು.

ಆದ್ರೆ ಲೇಸು ಇನ್ನೊಂದು ಕಡೆ ಇನ್ನೊಂದು ಕೆಲಸ ಮಾಡ್ತು. 1819ರಲ್ಲಿ ತಿರುವಾಂಕೂರಿನ ನಾಗರಕೋಯಿಲಿಗೆ ಬಂದ ಮಿಷನರಿ ದಂಪತಿಯಲ್ಲಿ ಹೆಂಡತಿ ಮಾರ್ತಾ ಮಾಲ್ಟ್, ಹೆಣ್ಣುಮಕ್ಕಳ ಶಾಲೆ ತೆರೆದು ಓದಿನ ಜೊತೆ ಲೇಸು ಹೆಣೆಯೋದು ಕಲಿಸಿದಳು. ಅಲ್ಲಿ ಆಗಿನ್ನೂ ಗುಲಾಮಗಿರಿ ಕಾನೂನುಬದ್ಧ, 1855ರವರೆಗೂ. ಲೇಸು ಮಾರಿದ ದುಡ್ಡಲ್ಲಿ ಗುಲಾಮ ಜಾತಿಯ ಹುಡುಗಿಯರು ತಮ್ಮ ಬಿಡುಗಡೆಯನ್ನ ತಾವೇ ಕೊಂಡುಕೊಂಡ್ರು. ಮೈಮುಚ್ಚೋ ಬಟ್ಟೆಗಾಗಿ ಹೆಂಗಸರು ಹೊಡೆದಾಡಿದ ಸೀಮೆ ಅದು. ಅಲ್ಲಿ ಒಬ್ಬ ಹುಡುಗಿ ದಾರದ ಎಳೆಯಿಂದ ತನ್ನನ್ನೇ ಬಿಡಿಸಿಕೊಂಡಳು ಅಂದ್ರೆ, ನನಗೆ ಯಾವ ರಾಜರ ಯುದ್ಧದ ಕಥೆಗಿಂತ ಅದು ದೊಡ್ಡದು.

ಇನ್ನು ನಮ್ಮವ್ವ. ಕೂಲಿ ಇಲ್ಲದ ಮಧ್ಯಾಹ್ನ ಹಳೇ ಸೀರೆ, ಅಪ್ಪನ ಪಂಚೆ, ನಮ್ಮ ಹರಿದ ಲಂಗ ಎಲ್ಲಾ ಹಾಸಿ ಕೌದಿ ಹೊಲೀತಿದ್ಲು. ಹೊದೆಯೋಕೆ ಬೇಕಿತ್ತು, ನಿಜ. ಆದ್ರೆ ಹೊದೆಯೋಕಷ್ಟೇ ಆಗಿದ್ರೆ ನಾಲ್ಕು ಮೂಲೆಗೆ ಕೆಂಪು ತ್ರಿಕೋನ ಯಾಕೆ ಇಡ್ತಿದ್ಲು? ಒಂದು ಸಾಲು ಹೊಲಿಗೆ ವಾರೆ ಬಂದ್ರೆ ಹಲ್ಲಲ್ಲಿ ಕಚ್ಚಿ ಬಿಚ್ಚಿ ಮತ್ತೆ ಯಾಕೆ ಹೊಲೀತಿದ್ಲು? ಅಕ್ಕಪಕ್ಕದವರು ಬಂದು "ಚೆಂದಾಗೈತಲ್ಲೇ" ಅಂದ್ರೆ ಸೂಜಿ ತಲೆಗೂದಲಿಗೆ ಉಜ್ಜಿಕೊಳ್ತಾ ಮಾತೇ ಆಡ್ತಿರಲಿಲ್ಲ, ಮುಖ ಮಾತ್ರ ಅರಳ್ತಿತ್ತು. ಅವ್ವನಿಗೆ "ಹವ್ಯಾಸ" ಅನ್ನೋ ಪದ ಗೊತ್ತಿರಲಿಲ್ಲ. ಈಗ ಅಂಥದ್ದೇ ಕೌದಿಯನ್ನ ಪಟ್ಟಣದ ಅಂಗಡೀಲಿ ಸಾವಿರಾರು ರೂಪಾಯಿ ಚೀಟಿ ಹಚ್ಚಿ ತೂಗುಹಾಕಿರ್ತಾರೆ. ಹೊಲಿದವಳ ಹೆಸರು ಮಾತ್ರ ಆ ಚೀಟೀಲಿರಲ್ಲ.

ಮೊನ್ನೆ ಭಾನುವಾರ ನಮ್ಮ ಓಣಿಯ ನಾಲ್ಕು ಹುಡುಗಿಯರು ಮನೆಗೆ ಬಂದಿದ್ರು, ಕಡ್ಡಿ ಹಿಡಿಯೋದು ಕಲಿಸಿದೆ. ಒಬ್ಬಳು "ಅಕ್ಕಾ, ಇದನ್ನ ಮಾರಿದ್ರೆ ಎಷ್ಟು ಬರುತ್ತೆ?" ಅಂದ್ಲು. ಮೊದಲನೇದು ಮಾರಬೇಡ, ನಿನಗೇ ಇಟ್ಕೋ ಅಂದೆ. ಎರಡನೇದಕ್ಕೆ ಎಷ್ಟು ಗಂಟೆ ಹಿಡೀತು ಅಂತ ಪುಸ್ತಕದಲ್ಲಿ ಬರೆದಿಡು, ಆಮೇಲೆ ರೇಟು ಮಾತಾಡೋಣ ಅಂದೆ.

ಸಂಗಾತಿಯ ಮಫ್ಲರ್ ಮುಗೀತಾ ಬಂತು. ಹೌದು, ಅವರಿಗೇ. ಅಂಚಿಗೆ ಒಂದು ಗೇಣು ನೀಲಿ ಉಣ್ಣೆ ಸಾಲ್ತಿಲ್ಲ, ಅದೇ ಬಣ್ಣ ಮತ್ತೆ ಸಿಗ್ತಿಲ್ಲ. ಅವ್ವನ ಥರ ಮೂಲೆಗೆ ಕೆಂಪು ಹಾಕಿ ಮುಗಿಸ್ತೀನಿ.