ನಿಪ್ಪಾಣಿಯ ಬೀಡಿ ಮತ್ತು ಕಾಯ್ದೆಯ ಮೂವತ್ತೊಂದನೆಯ ಕಲಮು

ನಿಪ್ಪಾಣಿ ಎಂದೊಡನೆ ಹೊಗೆಸೊಪ್ಪು ನೆನಪಾಗುತ್ತದೆ. ಚಿಕ್ಕೋಡಿ ಸೀಮೆಯ ಹೊಲಗಳಲ್ಲಿ ಬೆಳೆದ ತಂಬಾಕು ನಿಪ್ಪಾಣಿಯ ವಖಾರಿಗಳಿಗೆ ಬಂದು, ಕುಟ್ಟಿಸಿಕೊಂಡು, ಜರಡಿ ಹಿಡಿಸಿಕೊಂಡು ಬೀಡಿಗೆ ಸಿದ್ಧವಾಗುತ್ತಿತ್ತು. ಈ ದುಡಿಮೆಯಲ್ಲಿ ತೊಡಗಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ವಖಾರಿಯ ಧೂಳಿನಲ್ಲಿ ನಿಂತವರು ಕೆಲವರಾದರೆ, ಮನೆಯಲ್ಲೇ ಮೊರ ಹಿಡಿದು ಕುಳಿತು ಬೀಡಿ ಕಟ್ಟಿದವರು ಹಲವರು.

ಇಂಥ ಹೆಣ್ಣುಮಗಳನ್ನು ಕೆಲಸದಿಂದ ತೆಗೆಯುವುದು ಹೇಗೆಂದು ಎಂದಾದರೂ ಯೋಚಿಸಿದ್ದೀರಾ? ಉಗಾರದ ಸಕ್ಕರೆ ಕಾರ್ಖಾನೆ 1939ರಷ್ಟು ಹಳೆಯದು. ಅಥಣಿ, ಕಾಗವಾಡ, ರಾಯಬಾಗದ ಕಡೆಯಿಂದ ಅಂಥ ಕಾರ್ಖಾನೆಗೆ ಹೋಗುವ ಕಾಯಂ ನೌಕರನಿಗೆ ಗೇಟು ಉಂಟು, ಹಾಜರಿ ಪುಸ್ತಕ ಉಂಟು. ಅವನನ್ನು ತೆಗೆದರೆ ಕಾಗದವಾದರೂ ಕೈಗೆ ಬರುತ್ತದೆ. ಬೀಡಿ ಕಟ್ಟುವವಳಿಗೆ ಅದೊಂದೂ ಇಲ್ಲ. "ಇವತ್ತು ಎಲೆ ಇಲ್ಲ" ಎಂದರೆ ಮುಗಿಯಿತು. ನಾಳೆಯೂ ಇಲ್ಲ, ನಾಡಿದ್ದೂ ಇಲ್ಲ. ಅವಳ ನೌಕರಿ ಯಾವ ದಿನ ಹೋಯಿತು ಎಂದು ಅವಳಿಗೇ ತಿಳಿಯದು. ಅನ್ಯಾಯವಾಯಿತೆಂದು ದೂರು ಕೊಡುವ ಮೊದಲು, ತಾನು ಆ ಮಾಲೀಕನ ನೌಕರಳು ಎಂಬುದನ್ನೇ ಅವಳು ರುಜುವಾತು ಮಾಡಬೇಕು. ಬೀಡಿ ಕಾರ್ಮಿಕರ ನ್ಯಾಯದ ಚರಿತ್ರೆಯ ಬಹುಭಾಗ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗಿದೆ.

ನ್ಯಾಯಾಲಯಗಳಿಗೂ ಇದು ಸುಲಭದ ಪ್ರಶ್ನೆಯಾಗಿರಲಿಲ್ಲ. 1960ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಾಗಪುರದ ಬಿರ್ಧಿಚಂದ್ ಶರ್ಮಾ ಪ್ರಕರಣದಲ್ಲಿ, ಕಾರ್ಖಾನೆಗೆ ಬಂದು ಕೂತು ಬೀಡಿ ಕಟ್ಟುವವರು ಕಾರ್ಮಿಕರೇ ಎಂದಿತು. ಮರುವರ್ಷವೇ, 1961ರಲ್ಲಿ, ಶಂಕರ ಬಾಲಾಜಿ ವಾಜೆ ಪ್ರಕರಣದಲ್ಲಿ ಬಹುಮತದ ತೀರ್ಪು ಬೇರೆಯಾಯಿತು: ಬಂದಾಗ ಬಂದು, ಹೋಗಬೇಕೆಂದಾಗ ಹೋಗುವ ಬೀಡಿ ಕೆಲಸಗಾರ ಕಾರ್ಖಾನೆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕನಲ್ಲ. ನ್ಯಾಯಮೂರ್ತಿ ಸುಬ್ಬರಾವ್ ಅವರು ಇದಕ್ಕೆ ಭಿನ್ನಮತ ಬರೆದರು. ಕಾರ್ಖಾನೆಯೊಳಗೆ ಕೂತವನ ಪಾಡೇ ಹೀಗಾದರೆ ಮನೆಯಲ್ಲಿ ಕೂತವಳ ಗತಿ ಏನೆಂದು ನೀವೇ ಊಹಿಸಿ.

ಸಂಸತ್ತು ಕಡೆಗೆ 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ತಂದಿತು. ಮಾಲೀಕ ಅಥವಾ ಗುತ್ತಿಗೆದಾರ ಕೊಟ್ಟ ಕಚ್ಚಾ ಮಾಲಿನಿಂದ ಮನೆಯಲ್ಲಿ ಬೀಡಿ ಕಟ್ಟುವವರೂ ನೌಕರರೇ ಎಂದು ಅದು ಸಾರಿತು. ಅದರ ಮೂವತ್ತೊಂದನೆಯ ಕಲಮು ನಮಗೆ ಇಲ್ಲಿ ಮುಖ್ಯ. ಆರು ತಿಂಗಳು ದುಡಿದವರನ್ನು ಸಕಾರಣವಿಲ್ಲದೆ ತೆಗೆಯುವಂತಿಲ್ಲ. ತೆಗೆದರೂ ಒಂದು ತಿಂಗಳ ನೋಟೀಸು ಇಲ್ಲವೇ ಅದರ ಬದಲು ಸಂಬಳ ಕೊಡಬೇಕು. ದುರ್ನಡತೆಯ ಆರೋಪವಿದ್ದರೆ ವಿಚಾರಣೆ ನಡೆದು ಸಾಕ್ಷ್ಯ ದಾಖಲಾಗಬೇಕು. ಅನ್ಯಾಯವೆನಿಸಿದರೆ ನೌಕರರು ಮೇಲ್ಮನವಿ ಸಲ್ಲಿಸಬಹುದು. ಆ ಅಧಿಕಾರಿ ಮರಳಿ ಕೆಲಸ ಕೊಡಿಸಬಹುದು, ತಪ್ಪಿದ ದಿನಗಳ ಕೂಲಿ ಕೊಡಿಸಬಹುದು, ಪರಿಹಾರವನ್ನೂ ಕೊಡಿಸಬಹುದಿತ್ತು. ಮಾಲೀಕರು ಕಾಯ್ದೆಯನ್ನೇ ಪ್ರಶ್ನಿಸಿದರು. 1974ರಲ್ಲಿ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಕಾಯ್ದೆಯನ್ನು ಎತ್ತಿಹಿಡಿಯಿತು.

ಕಲಮು ಚೆನ್ನಾಗಿಯೇ ಇತ್ತು. ಆದರೆ ಆರು ತಿಂಗಳ ಲೆಕ್ಕ ತೋರಿಸುವುದು ಎಲ್ಲಿಂದ? ಗುತ್ತಿಗೆದಾರ ಪುಸ್ತಕದಲ್ಲಿ ಹೆಸರು ಬರೆಯದಿದ್ದರೆ, ಇಬ್ಬರು ಕಟ್ಟಿದ ಬೀಡಿಯನ್ನು ಒಬ್ಬರ ಹೆಸರಿಗೆ ಬರೆದರೆ, ಮೇಲ್ಮನವಿಯ ದಾರಿ ಅಲ್ಲಿಗೇ ನಿಂತಿತು. ಈ ಕಾರಣಕ್ಕೇ ಗುರುತಿನ ಚೀಟಿ ಎಂಬ ಚಿಕ್ಕ ಕಾಗದಕ್ಕೆ ಬೀಡಿ ಕಾರ್ಮಿಕರ ಸಂಘಗಳು ಅಷ್ಟೊಂದು ಹೋರಾಡಿದ್ದು.

ನಿಪ್ಪಾಣಿಯ ವಖಾರಿಗಳ ಹೆಂಗಸರು ಚಿಕ್ಕೋಡಿ ತಾಲೂಕು ಕಾಮಗಾರ್ ಮಹಾಸಂಘದಲ್ಲಿ ಒಟ್ಟುಗೂಡಿದ್ದು 1980ರ ಸುಮಾರಿಗೆ. ನಿಪ್ಪಾಣಿ ಆಗಿನ್ನೂ ಚಿಕ್ಕೋಡಿ ತಾಲೂಕಿನಲ್ಲೇ ಇತ್ತು. ಒಬ್ಬಳು ಬಾಯಿ ತೆರೆದರೆ ಕೆಲಸ ಹೋಗುತ್ತದೆ, ಸಾವಿರಾರು ಮಂದಿ ಒಟ್ಟಿಗೆ ತೆರೆದರೆ ಎಲ್ಲರನ್ನೂ ತೆಗೆಯಲಾಗದು. ಕೋರ್ಟಿನ ಕಟ್ಟೆ ಹತ್ತಲಾರದವರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಇರಲಿಲ್ಲ. ಬೆಂಗಳೂರಿನ 'ಯುಗಾಂತರ್' ಚಿತ್ರತಂಡ, ದೀಪಾ ಧನರಾಜ್ ಅವರ ನಿರ್ದೇಶನದಲ್ಲಿ, ಈ ಹೆಂಗಸರ ಮಾತನ್ನೇ ಹಿಡಿದು 1982ರಲ್ಲಿ ಒಂದು ಸಾಕ್ಷ್ಯಚಿತ್ರ ಮಾಡಿತು. 1981ರಲ್ಲಿ ಹೆದ್ದಾರಿಯಲ್ಲಿ ಕುಳಿತು ಪೊಲೀಸರ ಗುಂಡಿಗೆ ಬಲಿಯಾದ ತಂಬಾಕು ರೈತರನ್ನು ನಾಡು ನೆನೆಯುತ್ತದೆ, ಅದು ಸರಿಯೇ. ಅದೇ ತಂಬಾಕನ್ನು ಕುಟ್ಟಿದ ಕೈಗಳ ಹೋರಾಟ ಮಾತ್ರ ನಮ್ಮ ಚರಿತ್ರೆಯ ಪುಸ್ತಕಗಳಲ್ಲಿ ಸಿಗುವುದು ಅಪರೂಪ.

ವಜಾ ಆದ ಒಂಟಿ ಕಾರ್ಮಿಕರಿಗೂ ಬಾಗಿಲು ಮೆಲ್ಲಗೆ ತೆರೆಯಿತು. ಒಬ್ಬನ ವಜಾ ಕೂಡ ಕೈಗಾರಿಕಾ ವಿವಾದವೇ ಎಂದು 1965ರ ತಿದ್ದುಪಡಿ ಹೇಳಿತ್ತು. ಆದರೂ ಸರ್ಕಾರ ಅದನ್ನು ನ್ಯಾಯಾಲಯಕ್ಕೆ ಒಪ್ಪಿಸುವವರೆಗೆ ಕಾಯಬೇಕಿತ್ತು. 1988ರಲ್ಲಿ ಕರ್ನಾಟಕವು ತನ್ನದೇ ತಿದ್ದುಪಡಿ ತಂದು, ವಜಾ ಆದೇಶ ತಲುಪಿದ ಆರು ತಿಂಗಳೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ನೇರವಾಗಿ ಅರ್ಜಿ ಹಾಕಲು ಅವಕಾಶ ಕೊಟ್ಟಿತು. "ಎಲೆ ಇಲ್ಲ" ಎಂಬ ಮಾತನ್ನು ಆದೇಶವೆಂದು ಹೇಗೆ ತೋರಿಸುವುದು ಎಂಬ ತೊಡಕು ಮಾತ್ರ ಬೀಡಿಯವಳಿಗೆ ಉಳಿದೇ ಇತ್ತು.

2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, 1966ರ ಕಾಯ್ದೆಯ ಜಾಗವನ್ನೂ ತುಂಬಿದವು. ನೌಕರರಿಗೆ ಮಾಲೀಕ ನೇಮಕಪತ್ರ ಕೊಡಬೇಕು ಎಂಬುದು ಅವುಗಳಲ್ಲಿ ಒಂದು ನಿಯಮ.